ಕೆರೆ ಕೆಸರಿನ ಬಾಟಲಿಗಳು: 74ನೇ ದಿನದ ವರದಿ

ಕೊನೆಗೂ ನೇರಳೆ ಬಂತು! ಮೊನ್ನೆ ಬೆಳಿಗ್ಗೆ ಪರದೆ ಸರಿಸಿದರೆ ಒಂದನೇ ಬಾಟಲಿಯ ನಡುಭಾಗದಲ್ಲಿ ಹೆಬ್ಬೆರಳಗಲದ ಒಂದು ಕಲೆ. ಗಾಜಿನ ಒಳಗಡೆ ಬೀಟ್‌ರೂಟ್ ರಸ ಮೆತ್ತಿದ ಹಾಗಿದೆ. ಎರಡೂವರೆ ತಿಂಗಳು ಕಾದಿದ್ದೆ, ಅಷ್ಟು ಖುಷಿಯಾಯಿತು. ನಡುವೆ ಏನೇನಾಯಿತು ಅಂತ ಬರೆದಿಡದೆ ಬಹಳ ದಿನವಾಯಿತು, ಎಲ್ಲವನ್ನೂ ಇಲ್ಲೇ ಒಟ್ಟಿಗೆ ಬರೆಯುತ್ತೇನೆ.

ಹೊಸದಾಗಿ ಓದುವವರಿಗೆ ಹಿನ್ನೆಲೆ. ಮಂಗಳದ ಒಂದು ಕಲ್ಲಿನ ಸುದ್ದಿ ಓದಿ, ಊರ ಕೆರೆ ಕೆಸರನ್ನು ಬಾಟಲಿಗೆ ತುಂಬಿ ಅದರ ಸೂಕ್ಷ್ಮಜೀವಿಗಳು ಏನು ಮಾಡುತ್ತವೆ ಅಂತ ನೋಡುತ್ತಿರುವ ಪ್ರಯೋಗ ಇದು. ಮಂಗಳ ಗ್ರಹದಲ್ಲಿ ಜೆಜೆರೋ ಅಂತ ಒಂದು ಕುಳಿ ಇದೆ, 45 ಕಿಲೋಮೀಟರ್ ಅಗಲ. 300 ಕೋಟಿ ವರ್ಷಕ್ಕೂ ಹಿಂದೆ ಅದು ಕೆರೆಯಾಗಿತ್ತು, ಅದಕ್ಕೆ ನದಿ ಬಂದು ಸೇರುತ್ತಿತ್ತು. 2021ರ ಫೆಬ್ರವರಿಯಲ್ಲಿ ಪರ್ಸಿವಿಯರೆನ್ಸ್ ರೋವರ್ ಇಳಿದದ್ದು ಅಲ್ಲಿಗೇ. 2024ರ ಜುಲೈನಲ್ಲಿ ಆ ಹಳೇ ನದಿಯ ಪಾತ್ರದಲ್ಲಿ ಅದಕ್ಕೊಂದು ಕಲ್ಲು ಸಿಕ್ಕಿತು. ಹೆಸರು ಚೆಯಾವಾ ಫಾಲ್ಸ್. ಕೆಂಪು ಬಣ್ಣದ ಕೆಸರು ಗಟ್ಟಿಯಾಗಿ ಆದ ಕಲ್ಲು ಅದು. ಮೇಲೆ ಕಪ್ಪು ಅಂಚಿನ ಪುಟ್ಟ ಪುಟ್ಟ ಕಲೆಗಳು. ದೊಡ್ಡವನ್ನು ವಿಜ್ಞಾನಿಗಳು ಚಿರತೆ ಚುಕ್ಕೆ ಅಂತ ಕರೆದರು, ಸಣ್ಣವನ್ನು ಗಸಗಸೆ ಅಂತ. 2025ರ ಸೆಪ್ಟೆಂಬರ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಪೂರ್ತಿ ವರದಿ ಬಂತು. ಆ ಕಲೆಗಳಲ್ಲಿ ಇರುವುದು ಬಹುಶಃ ವಿವಿಯನೈಟ್ ಮತ್ತು ಗ್ರೈಗೈಟ್. ಮೊದಲನೆಯದು ಕಬ್ಬಿಣ ಮತ್ತು ಫಾಸ್ಫೇಟ್ ಸೇರಿದ ಖನಿಜ, ಎರಡನೆಯದು ಕಬ್ಬಿಣ ಮತ್ತು ಗಂಧಕ ಸೇರಿದ್ದು.

ನನ್ನನ್ನು ಹಿಡಿದು ನಿಲ್ಲಿಸಿದ ಮಾತು ಒಂದೇ. ಭೂಮಿಯ ಮೇಲೆ ಈ ಎರಡೂ ಕೆರೆ ತಳದ ಕೆಸರಿನಲ್ಲಿ ಸೂಕ್ಷ್ಮಜೀವಿಗಳಿಂದ ಆಗುತ್ತವೆ. ಗಾಳಿ ಇಲ್ಲದ ಕಡೆ ಬದುಕುವ ಬ್ಯಾಕ್ಟೀರಿಯಾಗಳು, ನಾವು ಆಮ್ಲಜನಕ ಉಸಿರಾಡುವ ಹಾಗೆ, ಮಣ್ಣಿನಲ್ಲಿರುವ ತುಕ್ಕನ್ನೂ ಸಲ್ಫೇಟನ್ನೂ (ಗಂಧಕ, ಆಮ್ಲಜನಕ ಸೇರಿದ ಲವಣ) ಉಸಿರಾಟಕ್ಕೆ ಬಳಸುತ್ತವೆ. ಹಾಗೆ ಬಳಸಿದಾಗ ಕೆಂಪು ಮಣ್ಣು ಕಪ್ಪಾಗುತ್ತದೆ. ನಾಟಿ ಗದ್ದೆಗೆ ಇಳಿದವರಿಗೆ ಇದು ಗೊತ್ತೇ ಇದೆ. ಮೇಲೆ ಕೆಂಪು ಕೆಸರು, ಕಾಲು ಸ್ವಲ್ಪ ಒಳಗೆ ಹೂತರೆ ಕಪ್ಪು, ಜೊತೆಗೆ ಕೊಳೆತ ಮೊಟ್ಟೆಯ ವಾಸನೆ.

ಅದನ್ನೇ ಬಾಟಲಿಯಲ್ಲಿ ಮಾಡಿ ನೋಡೋಣ ಅನಿಸಿತು. ವಿನೊಗ್ರಾಡ್‌ಸ್ಕಿ ಅಂತ ರಷ್ಯಾದ ವಿಜ್ಞಾನಿ 1880ರ ದಶಕದಲ್ಲೇ ಕಂಡುಕೊಂಡ ದಾರಿ ಇದು: ಕೆಸರು, ಸ್ವಲ್ಪ ಆಹಾರ, ಬೆಳಕು, ಆಮೇಲೆ ತಾಳ್ಮೆ.

ದಿನ 0

ದಸರಾ ರಜೆಗೆ ಊರಿಗೆ ಹೋಗಿದ್ದಾಗ ಕೆಸರು ತಂದೆ. ತೂಬಿನ ಹತ್ತಿರ ಬಕೆಟ್ ಹಿಡಿದು ನಿಂತಿದ್ದೆ, ನಮ್ಮೂರ ನೀರುಗಂಟಿ ಅಜ್ಜ ನೋಡಿ ಕರೆದರು. "ಅಲ್ಲಿ ತಗೋಬೇಡ ಮಗಾ, ಅದು ಓಡಾಡೋ ನೀರು, ಬರೀ ಮರಳು. ಆ ಜೊಂಡಿನ ಬುಡಕ್ಕೆ ಕೈ ಹಾಕು, ಹಳೇ ಗೋಡು ಸಿಗ್ತದೆ." ಅಜ್ಜ ಹೇಳಿದ್ದು ಅಕ್ಷರಶಃ ನಿಜ. ಮೊಣಕೈವರೆಗೆ ಇಳಿಸಿದರೆ ಬೆಣ್ಣೆಯಂಥ ನುಣ್ಣನೆ ಗೋಡು. ಚೆಯಾವಾ ಫಾಲ್ಸ್ ಕಲ್ಲು ಕೂಡ ಇಂಥ ನುಣ್ಣನೆ ಮಣ್ಣಿನದ್ದೇ. ನಿಂತ ನೀರಿನಲ್ಲಿ ನಿಧಾನಕ್ಕೆ ತಳ ಸೇರುವ ಮಣ್ಣು ತನ್ನೊಳಗೆ ಬಿದ್ದದ್ದನ್ನು ಚೆನ್ನಾಗಿ ಮುಚ್ಚಿಟ್ಟುಕೊಳ್ಳುತ್ತದೆ.

ಗೋಡಿಗೆ ಹೊಲದ ಕೆಮ್ಮಣ್ಣು, ಹಳೇ ಪೇಪರ್ ಚೂರು, ಬೇಯಿಸಿದ ಮೊಟ್ಟೆಯ ಹಳದಿ, ಪುಡಿ ಮಾಡಿದ ಸೀಮೆಸುಣ್ಣ ಬೆರೆಸಿದೆ. ಬೋರ್ಡಿಗೆ ಬರೆಯುವ ಸೀಮೆಸುಣ್ಣ ಬಹುಪಾಲು ಜಿಪ್ಸಂ, ಅಂದರೆ ಸಲ್ಫೇಟ್ ಪುಕ್ಕಟೆ ಸಿಕ್ಕಿದ ಹಾಗೆ. ಮೂರು ಬಾಟಲಿ. ಒಂದನೆಯದು ಹಸಿ ಕೆಸರು, ಕಿಟಕಿ ಹತ್ತಿರ. ಎರಡನೆಯದು ಕುಕ್ಕರ್‌ನಲ್ಲಿ ಮುಕ್ಕಾಲು ಗಂಟೆ ಬೇಯಿಸಿದ ಕೆಸರು, ಅದೂ ಕಿಟಕಿ ಹತ್ತಿರ. ಮೂರನೆಯದು ಹಸಿ ಕೆಸರೇ, ಆದರೆ ಕಪ್ಪು ಬಟ್ಟೆ ಸುತ್ತಿ ಬೀರುವಿನಲ್ಲಿ. ಕುಕ್ಕರ್ ಹಳೆಯದು, ಅಮ್ಮ ಇದಕ್ಕೇ ಅಂತ ಬಿಟ್ಟುಕೊಟ್ಟಿದ್ದು. ಇನ್ನು ಅದರಲ್ಲಿ ಅಡುಗೆ ಇಲ್ಲ.

ಬೇಯಿಸಿದ ಬಾಟಲಿ ಯಾಕೆ ಬೇಕು? ಶಾಖಕ್ಕೆ ಜೀವಿಗಳು ಸಾಯುತ್ತವೆ, ಹಾಗಾಗಿ ಅದರಲ್ಲೂ ಆಗುವ ಬದಲಾವಣೆ ಜೀವಿಗಳ ಕೆಲಸವಲ್ಲ ಅಂತ ಹೋಲಿಸಿ ನೋಡಬಹುದು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು, ನನ್ನ ಪ್ರಕಾರ ಇಡೀ ಪ್ರಯೋಗದ ಜೀವಾಳವೇ ಅದು. 1976ರಲ್ಲಿ ಎರಡು ವೈಕಿಂಗ್ ನೌಕೆಗಳು ಮಂಗಳದಲ್ಲಿ ಇಳಿದವು. ಗಿಲ್ಬರ್ಟ್ ಲೆವಿನ್ ಅವರ ಪ್ರಯೋಗದಲ್ಲಿ ಅಲ್ಲಿನ ಮಣ್ಣಿಗೆ ಪೋಷಕ ದ್ರಾವಣದ ಹನಿ ಹಾಕಿದರು. ಆ ದ್ರಾವಣದಲ್ಲಿ ವಿಕಿರಣ ಸೂಸುವ ಇಂಗಾಲ ಇತ್ತು. ಜೀವಿ ಇದ್ದರೆ ಅದನ್ನು ತಿಂದು ಅನಿಲ ಬಿಡಬೇಕು. ಅನಿಲ ಬಂತು! ಅದೇ ಮಣ್ಣನ್ನು 160 ಡಿಗ್ರಿಗೆ ಮೂರು ಗಂಟೆ ಕಾಯಿಸಿ ಮತ್ತೆ ಮಾಡಿದರು. ಬರಲಿಲ್ಲ. ಜೀವ ಇದ್ದ ಹಾಗೇ ಕಾಣುತ್ತದೆ, ಅಲ್ವಾ? ಆದರೆ ಪಕ್ಕದ ಇನ್ನೊಂದು ಉಪಕರಣಕ್ಕೆ ಆ ಮಣ್ಣಿನಲ್ಲಿ ಮಂಗಳದ್ದೇ ಅನ್ನಬಹುದಾದ ಸಾವಯವ ವಸ್ತು, ಅಂದರೆ ಜೀವಿಗಳ ಮೈ ಕಟ್ಟುವಂಥ ಇಂಗಾಲದ ವಸ್ತು, ಸಿಗಲೇ ಇಲ್ಲ. 2008ರಲ್ಲಿ ಫೀನಿಕ್ಸ್ ನೌಕೆ ಮಂಗಳದ ಮಣ್ಣಿನಲ್ಲಿ ಪರ್‌ಕ್ಲೋರೇಟ್ ಎಂಬ ಲವಣ ಕಂಡುಹಿಡಿಯಿತು. ಬಿಸಿ ಮಾಡಿದರೆ ಅದು ಸಾವಯವ ವಸ್ತುವನ್ನು ಸುಟ್ಟು ಹಾಕುತ್ತದೆ. ವಿಕಿರಣ ಬಿದ್ದಾಗ ಅದರಿಂದ ಹುಟ್ಟುವ ರಾಸಾಯನಿಕಗಳು ಜೀವಿ ಇಲ್ಲದೆಯೂ ಅನಿಲ ಬಿಡಿಸಬಲ್ಲವು. ಬಹುಪಾಲು ವಿಜ್ಞಾನಿಗಳು ಅದು ಬರೀ ರಸಾಯನ ಕ್ರಿಯೆ ಅಂದರು. ಲೆವಿನ್ ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ.

ದಿನ 0, ರಾತ್ರಿ

ಕುಕ್ಕರ್ ಮುಚ್ಚಳ ತೆಗೆದ ಕೂಡಲೇ ಮೊದಲ ಪಾಠ ಸಿಕ್ಕಿತು. ಬೇಯಿಸಿದ ಕೆಸರಿನಲ್ಲಿ ಮೊಟ್ಟೆಯ ಹಳದಿ ಚೂರುಗಳ ಸುತ್ತ ಆಗಲೇ ಬೂದುಗಪ್ಪು ಉಂಗುರ! ಒಂದೂ ಜೀವಿ ಕೆಲಸ ಮಾಡದೆ ಕಪ್ಪು ಬಂದಿದೆ. ಮೊಟ್ಟೆಯನ್ನು ಜಾಸ್ತಿ ಹೊತ್ತು ಬೇಯಿಸಿದರೆ ಹಳದಿ ಸುತ್ತ ಹಸಿರುಗಪ್ಪು ಪದರ ಬರುತ್ತದಲ್ಲ, ಅದೇ ಇದು. ಶಾಖಕ್ಕೆ ಗಂಧಕ ಬಿಡುಗಡೆಯಾಗಿ ಕಬ್ಬಿಣದ ಜೊತೆ ಸೇರಿಕೊಳ್ಳುತ್ತದೆ.

ಚೆಯಾವಾ ಫಾಲ್ಸ್ ಕಲ್ಲಿನ ಬಗ್ಗೆ ನಡೆಯುತ್ತಿರುವ ಚರ್ಚೆಯೂ ಇದೇ. ಆ ಕಲ್ಲು ಯಾವತ್ತಾದರೂ ಜೋರಾಗಿ ಕಾದಿತ್ತಾ? ಜೀವಿ ಇಲ್ಲದೆ ಸಲ್ಫೇಟನ್ನು ಸಲ್ಫೈಡ್ (ಗ್ರೈಗೈಟ್‌ನಲ್ಲಿರುವ ಗಂಧಕದ ರೂಪ) ಮಾಡಲು ಒಳ್ಳೇ ಶಾಖ ಬೇಕು, ಆದರೆ ಕಲ್ಲಿನಲ್ಲಿ ಹಾಗೆ ಕಾದ ಗುರುತು ಕಂಡಿಲ್ಲ. ಕಬ್ಬಿಣದ ಮಾತು ಬೇರೆ. ತಣ್ಣಗಿದ್ದರೂ ಕೆಲವು ಸಾವಯವ ವಸ್ತುಗಳು ಸುಮ್ನೆ ಪಕ್ಕದಲ್ಲಿದ್ದೇ ಅದನ್ನು ಬದಲಾಯಿಸಬಲ್ಲವು. ಅದಕ್ಕೇ ವರದಿಯಲ್ಲಿ ಜೀವ ಸಿಕ್ಕಿತು ಅಂತ ಬರೆದಿಲ್ಲ, ಜೀವದ ಗುರುತು ಇರಬಹುದು ಅಂತ ಬರೆದಿದ್ದಾರೆ. ಆ ಎಚ್ಚರ ನನಗೆ ತುಂಬಾ ಇಷ್ಟವಾಯಿತು.

ದಿನ 8

ಒಂದನೆಯದರಲ್ಲಿ ತಳದಿಂದ ಎರಡು ಬೆರಳು ಎತ್ತರಕ್ಕೆ ಕಪ್ಪು. ಮೂರನೆಯದೂ ಹಾಗೇ. ಎರಡನೆಯದರಲ್ಲಿ, ಅಂದರೆ ಬೇಯಿಸಿದ್ದರಲ್ಲಿ, ಗುಳ್ಳೆಗಳು! ಕೆಸರಿನ ಒಳಗಿಂದ ಎದ್ದು ಬರುತ್ತಿವೆ.

ಎರಡು ದಿನ ತಲೆ ಕೆಡಿಸಿಕೊಂಡು ಓದಿದೆ. ಕೆಲವು ಬ್ಯಾಕ್ಟೀರಿಯಾಗಳು ಕಷ್ಟಕಾಲಕ್ಕೆ ಬೀಜದಂಥ ಗಟ್ಟಿ ಕಣವಾಗುತ್ತವೆ, ಅದನ್ನು ಸ್ಪೋರ್ ಅನ್ನುತ್ತಾರೆ. ಕುಕ್ಕರ್‌ನ ಶಾಖ 120 ಡಿಗ್ರಿ ಹತ್ತಿರ ಬರುತ್ತದೆ, ಆದರೆ ದಪ್ಪ ಕೆಸರಿನ ನಡುವಿಗೆ ಅಷ್ಟು ಬಿಸಿ ತಲುಪಲು ಹೊತ್ತು ಬೇಕು. ನಡುವಿನ ಸ್ಪೋರ್‌ಗಳು ಉಳಿದಿರಬೇಕು. ವೈಕಿಂಗ್ ನೌಕೆಗಳನ್ನು ಹಾರಿಸುವ ಮೊದಲು ಸುಮಾರು 111 ಡಿಗ್ರಿಯಲ್ಲಿ 30 ಗಂಟೆಯಷ್ಟು ಒಲೆಯಲ್ಲಿಟ್ಟಂತೆ ಒಣಶಾಖ ಕೊಟ್ಟಿದ್ದರು. ಯಾಕೆ ಅಂತ ಈಗ ಅರ್ಥವಾಯಿತು. ಭೂಮಿಯ ಸ್ಪೋರ್ ಅಂಟಿಕೊಂಡು ಹೋಗಿ, ಅಲ್ಲಿ ಅದನ್ನೇ ಮಂಗಳದ ಜೀವಿ ಅಂದುಕೊಂಡರೆ ಏನು ಗತಿ!

ದಿನ 11 ರಿಂದ 13

ಎರಡನೇ ಬಾಟಲಿ ಎಸೆದು ಹೊಸದಾಗಿ ಮಾಡಿದೆ. ಈ ಸಲ ಟಿಂಡಾಲ್ ಎಂಬ ವಿಜ್ಞಾನಿ 1870ರ ದಶಕದಲ್ಲಿ ತೋರಿಸಿದ ಉಪಾಯ. ಇವತ್ತು ಬೇಯಿಸು, ಒಂದು ದಿನ ಬಿಡು, ಉಳಿದ ಸ್ಪೋರ್‌ಗಳು ವಾತಾವರಣ ಚೆನ್ನಾಗಿದೆ ಅಂತ ಮೊಳೆಯುತ್ತವೆ, ಮೊಳೆತ ಮೇಲೆ ಗಟ್ಟಿತನ ಹೋಗುತ್ತದೆ, ಆಗ ಮತ್ತೆ ಬೇಯಿಸು. ಹೀಗೆ ಮೂರು ದಿನ. ಕೆಸರನ್ನೂ ಸ್ಟೀಲ್ ಡಬ್ಬಿಯಲ್ಲಿ ತೆಳ್ಳಗೆ ಹರಡಿ ಬೇಯಿಸಿದೆ. ಬಾಟಲಿ, ಮುಚ್ಚಳ, ಚಮಚ ಎಲ್ಲವನ್ನೂ ಜೊತೆಗೇ ಬೇಯಿಸಿದೆ.

ದಿನ 30

ಹೊಸ ಎರಡನೇ ಬಾಟಲಿ ತಣ್ಣಗಿದೆ. ಮೊಟ್ಟೆ ಚೂರಿನ ಸುತ್ತ ಮೊದಲ ದಿನದ ಉಂಗುರ ಬಿಟ್ಟರೆ ಏನೂ ಇಲ್ಲ, ಕೆಮ್ಮಣ್ಣು ಕೆಮ್ಮಣ್ಣಾಗಿಯೇ ಇದೆ. ಒಂದನೆಯದು ಅರ್ಧಕ್ಕಿಂತ ಮೇಲಕ್ಕೆ ಕಪ್ಪು.

ಗ್ರೈಗೈಟ್ ಅಯಸ್ಕಾಂತಕ್ಕೆ ಸ್ಪಂದಿಸುತ್ತದೆ ಅಂತ ಓದಿದ್ದೆ. ಒಂದನೇ ಬಾಟಲಿಯಿಂದ ಒಂದು ಚಮಚ ಕಪ್ಪು ಕೆಸರು ತೆಗೆದು ನೀರಲ್ಲಿ ಕಲಸಿ, ಹಳೇ ಸ್ಪೀಕರ್‌ನ ಅಯಸ್ಕಾಂತ ಹಿಡಿದೆ. ಕಣಗಳು ಅಂಟಿದವು. ಒಂದು ನಿಮಿಷ ಎದೆ ಡವಡವ! ಆಮೇಲೆ ಎರಡನೇ ಬಾಟಲಿಯ ಕೆಸರಿಗೂ ಹಿಡಿದೆ. ಅದಕ್ಕೂ ಅಷ್ಟೇ ಅಂಟಿದವು. ನಮ್ಮ ಕಡೆಯ ಮಣ್ಣಿನಲ್ಲಿ ಮೊದಲಿಂದಲೂ ಕಪ್ಪು ಕಬ್ಬಿಣದ ಮರಳು ಇದೆಯಲ್ಲ, ಮಳೆ ಬಂದಾಗ ರಸ್ತೆ ಬದಿಯಲ್ಲಿ ಗೆರೆ ಗೆರೆಯಾಗಿ ಕೂರುತ್ತದಲ್ಲ, ಅದೇ ಇದು. ಈ ಪರೀಕ್ಷೆಯಿಂದ ಏನೂ ಗೊತ್ತಾಗಲಿಲ್ಲ. ಬೇಯಿಸಿದ ಬಾಟಲಿ ಇಲ್ಲದಿದ್ದರೆ ನಾನು ಅವತ್ತೇ ಗ್ರೈಗೈಟ್ ಸಿಕ್ಕಿತು ಅಂತ ಬರೆದುಬಿಡುತ್ತಿದ್ದೆ. ಮಂಗಳದ ಆ ಕಲ್ಲಿನ ಪಕ್ಕದಲ್ಲಿ ಇಂಥ ಬಾಟಲಿ ಇಲ್ಲ, ಅದೇ ಅಲ್ಲಿನ ದೊಡ್ಡ ಕಷ್ಟ.

ತೆಗೆದ ಆ ಕೆಸರಲ್ಲಿ ಸ್ವಲ್ಪ ತಟ್ಟೆಯಲ್ಲೇ ಉಳಿದಿತ್ತು. ಸಂಜೆ ನೋಡಿದರೆ ಮೇಲ್ಗಡೆ ಕಂದು, ಕೆದಕಿದರೆ ಒಳಗೆ ಇನ್ನೂ ಕಪ್ಪು. ಗಾಳಿ ತಾಗಿದ ಕಡೆ ಮತ್ತೆ ತುಕ್ಕಾಗಿದೆ. ರೋವರ್ ಕಲ್ಲಿನ ಮೇಲ್ಮೈ ಉಜ್ಜಿ ಒಳಭಾಗ ನೋಡುತ್ತದಲ್ಲ, ಯಾಕೆ ಅಂತ ತಟ್ಟೆ ನೋಡಿದಾಗ ಹೊಳೆಯಿತು.

ವಿವಿಯನೈಟ್ ಕಂಡಿಲ್ಲ. ಗಾಳಿಗೆ ಬಂದರೆ ನೀಲಿಯಾಗುತ್ತದಂತೆ. ನೀಲಿ ಚುಕ್ಕೆ ಹುಡುಕುತ್ತಲೇ ಇದ್ದೇನೆ.

ದಿನ 74

ಈಗ ನೇರಳೆ. ಇವು ಗಂಧಕದ ನೇರಳೆ ಬ್ಯಾಕ್ಟೀರಿಯಾ. ಗಿಡಗಳು ಬೆಳಕಿನಲ್ಲಿ ನೀರನ್ನು ಒಡೆದು ಆಮ್ಲಜನಕ ಬಿಡುತ್ತವೆ. ಇವು ಬೆಳಕಿನಲ್ಲಿ ಆ ಕೊಳೆತ ಮೊಟ್ಟೆ ವಾಸನೆಯ ಅನಿಲವನ್ನು ಬಳಸುತ್ತವೆ, ಆಮ್ಲಜನಕ ಬಿಡುವುದೇ ಇಲ್ಲ. ತಳದ ಜೀವಿಗಳು ಬಿಟ್ಟ ಕಸ ಮೇಲಿನವಕ್ಕೆ ಊಟ. ಕತ್ತಲಲ್ಲಿರುವ ಮೂರನೇ ಬಾಟಲಿ ಪೂರ್ತಿ ಕಪ್ಪಾಗಿದೆ, ನೇರಳೆ ಒಂದು ಚೂರೂ ಇಲ್ಲ. ಎರಡನೆಯದು ಇವತ್ತಿಗೂ ಕೆಂಪಾಗಿಯೇ ಇದೆ.

ಚೆಯಾವಾ ಫಾಲ್ಸ್‌ನಿಂದ ಕೊರೆದು ತೆಗೆದ ಚೂರಿಗೆ ಸಫೈರ್ ಕ್ಯಾನ್ಯನ್ ಅಂತ ಹೆಸರಿಟ್ಟು ಕೊಳವೆಯಲ್ಲಿ ಮುಚ್ಚಿದ್ದಾರೆ. ಅದು ಇನ್ನೂ ಮಂಗಳದಲ್ಲೇ ಇದೆ. ಭೂಮಿಗೆ ತರುವ ಯೋಜನೆ ದುಡ್ಡಿನ ಲೆಕ್ಕದಲ್ಲಿ ಸಿಕ್ಕಿಕೊಂಡಿದೆ ಅಂತ ಓದಿದಾಗಲೆಲ್ಲ ಸಂಕಟವಾಗುತ್ತದೆ. ಅದರಲ್ಲಿರುವ ಗಂಧಕದ ಐಸೊಟೋಪ್‌ಗಳನ್ನು, ಅಂದರೆ ಗಂಧಕದ ಹಗುರ ಮತ್ತು ಭಾರ ರೂಪಗಳನ್ನು, ಇಲ್ಲಿನ ಪ್ರಯೋಗಾಲಯದಲ್ಲಿ ಅಳೆದರೆ ಒಳ್ಳೇ ಸುಳಿವು ಸಿಗಬಹುದು. ಸಲ್ಫೇಟ್ ಉಸಿರಾಡುವ ಜೀವಿಗಳು ಹಗುರ ಗಂಧಕವನ್ನೇ ಜಾಸ್ತಿ ಬಳಸುತ್ತವೆ, ಆ ಲೆಕ್ಕ ಖನಿಜದಲ್ಲಿ ಉಳಿದುಕೊಳ್ಳುತ್ತದೆ.

ನಾಳೆ ಎರಡು ಕೆಲಸ. ಮೂರನೇ ಬಾಟಲಿಯ ಬಟ್ಟೆ ಬಿಚ್ಚಿ ಕಿಟಕಿಗೆ ಇಡುವುದು, ನೇರಳೆ ಬರಲು ಎಷ್ಟು ದಿನ ಬೇಕು ಅಂತ ಎಣಿಸುವುದು. ಮತ್ತೆ ಒಂದನೇ ಬಾಟಲಿಯಿಂದ ಒಂದು ಹನಿ ಕೆಸರು ತೆಗೆದು ಬೇಯಿಸಿದ ಎರಡನೆಯದಕ್ಕೆ ಬಿಡುವುದು. ಆ ಕೆಂಪು ಮಣ್ಣು ಒಂದೇ ಹನಿಯಿಂದ ಕಪ್ಪಾಗುತ್ತದಾ ನೋಡಬೇಕು. ಪ್ರತಿ ಭಾನುವಾರ ಫೋಟೋ ತೆಗೆಯುತ್ತೇನೆ.