ಸೀಟು ಸಿಗುತ್ತಾ ಅಂತ ಕೇಳುವ ಮೊದಲು ಯಾವ ಬಾಗಿಲು ಅಂತ ನೋಡಿ

"ಅಕ್ಕಾ, ನನಗೆ ಇಷ್ಟು ಮಾರ್ಕ್ಸ್ ಇದೆ. ಆ ಯೂನಿವರ್ಸಿಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಸಿಗುತ್ತಾ?" ಅರ್ಜಿ ಹಾಕುವ ಕಾಲ ಬಂತೆಂದರೆ ನನಗೆ ಬರುವ ಮೆಸೇಜುಗಳೆಲ್ಲ ಹೆಚ್ಚುಕಮ್ಮಿ ಹೀಗೇ ಇರುತ್ತವೆ. ಕೇಳುವವರಿಗೆ ಹದಿನೇಳೋ ಹದಿನೆಂಟೋ ವಯಸ್ಸು. ಹೌದು ಅಥವಾ ಇಲ್ಲ, ಎರಡರಲ್ಲಿ ಒಂದು ಮಾತು ಬೇಕು ಅವರಿಗೆ. ಆ ಮಾತನ್ನು ನಾನಂತೂ ಹೇಳಲಾರೆ, ಬೇರೆ ಯಾರೂ ಹೇಳಲಾರರು. ಆದರೆ ಸಿಗುವ ಸಾಧ್ಯತೆ ಎಷ್ಟಿದೆ ಅಂತ ತಾವೇ ಕೂತು ಸುಮಾರಾಗಿ ಅಂದಾಜು ಮಾಡಬಹುದು. ಅದನ್ನು ಹೇಗೆ ಮಾಡೋದು ಅಂತ ಪ್ರತಿ ಸಲ ತುಂಡು ತುಂಡಾಗಿ ಹೇಳುತ್ತಿದ್ದೆ, ಈಗ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಎಲ್ಲರೂ ಮೊದಲು ನೋಡುವುದು ಒಂದೇ ಸಂಖ್ಯೆ. ಅರ್ಜಿ ಹಾಕಿದವರಲ್ಲಿ ನೂರಕ್ಕೆ ಎಷ್ಟು ಜನರನ್ನು ತೆಗೆದುಕೊಂಡರು ಅನ್ನುವುದು. ಅಮೆರಿಕದ ಎಂಐಟಿಯಲ್ಲಿ ಅದು ಈಚಿನ ವರ್ಷಗಳಲ್ಲಿ ಶೇಕಡಾ 4ರಿಂದ 5ರ ಆಸುಪಾಸಿನಲ್ಲಿದೆ. ಇದನ್ನು ನೋಡಿ "ಹಾಗಾದರೆ ನನ್ನ ಚಾನ್ಸು ನೂರಕ್ಕೆ ಐದು" ಅಂತ ಲೆಕ್ಕ ಹಾಕಿಕೊಳ್ಳುತ್ತಾರೆ. ಅದು ನಿಮ್ಮ ಸಂಖ್ಯೆ ಅಲ್ಲವೇ ಅಲ್ಲ. ಅದು ಇಡೀ ಗುಂಪಿನ ಸರಾಸರಿ. ಆ ಗುಂಪಿನಲ್ಲಿ ಗಣಿತ ಒಲಿಂಪಿಯಾಡ್‌ನಲ್ಲಿ ಪದಕ ಗೆದ್ದವರೂ ಇರುತ್ತಾರೆ, ಹಾಕಿ ನೋಡೋಣ ಅಂತ ಹಾಕಿದವರೂ ಇರುತ್ತಾರೆ. ಇಬ್ಬರಿಗೂ ಒಂದೇ ಚಾನ್ಸು ಇರಲು ಹೇಗೆ ಸಾಧ್ಯ?

ಹಾಗಾಗಿ ನಾನು ಮೊದಲು ಕೇಳುವುದು ಬೇರೆಯೇ ಪ್ರಶ್ನೆ. ಆ ಯೂನಿವರ್ಸಿಟಿಗೆ ಒಳಗೆ ಹೋಗುವ ಬಾಗಿಲು ಯಾವುದು? ಇದು ಜಾಗದಿಂದ ಜಾಗಕ್ಕೆ ಪೂರ್ತಿ ಬದಲಾಗುತ್ತದೆ, ಮತ್ತೆ ಜಾಸ್ತಿ ಜನ ಎಡವುವುದೂ ಇಲ್ಲೇ. ಎಂಐಟಿಯಲ್ಲಿ ಇಡೀ ಸಂಸ್ಥೆಗೆ ಒಂದೇ ಬಾಗಿಲು. ಒಳಗೆ ಹೋದ ಮೇಲೆ, ಮೊದಲ ವರ್ಷ ಮುಗಿಯುವ ಹೊತ್ತಿಗೆ ನಿಮಗೆ ಬೇಕಾದ ವಿಭಾಗ ಆರಿಸಿಕೊಳ್ಳಬಹುದು. ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಬರ್ಕ್ಲಿ ಕ್ಯಾಂಪಸ್ಸಿನಲ್ಲಿ ಹಾಗಿಲ್ಲ. ಎಂಜಿನಿಯರಿಂಗ್ ಕಾಲೇಜಿಗೆ ಅರ್ಜಿ ಹಾಕುವಾಗಲೇ ವಿಭಾಗ ಹೇಳಬೇಕು, ಸೀಟು ಕೊಡುವುದೂ ಅದೇ ವಿಭಾಗಕ್ಕೆ. ಅಲ್ಲಿ ಇಡೀ ಕ್ಯಾಂಪಸ್ಸಿನ ಸರಾಸರಿ ನೋಡಿಕೊಂಡು ಎಲೆಕ್ಟ್ರಿಕಲ್ ಮತ್ತು ಕಂಪ್ಯೂಟರ್ ಸೈನ್ಸ್ ವಿಭಾಗಕ್ಕೆ ಹಾಕಿದರೆ ಲೆಕ್ಕ ಶುರುವಿನಲ್ಲೇ ತಪ್ಪುತ್ತದೆ.

ಅಮೆರಿಕದ್ದೇ ಪರ್ಡ್ಯೂ, ಟೆಕ್ಸಾಸ್ ಎ ಅಂಡ್ ಎಂ ಥರದ ಯೂನಿವರ್ಸಿಟಿಗಳಲ್ಲಿ ಇನ್ನೊಂದು ಪದ್ಧತಿ. ಮೊದಲ ವರ್ಷ ಎಂಜಿನಿಯರಿಂಗ್ ಎಲ್ಲರಿಗೂ ಒಂದೇ, ಆಮೇಲೆ ಬ್ರಾಂಚ್ ಹಂಚುತ್ತಾರೆ. ಅಂದರೆ ಬಾಗಿಲು ಎರಡು. ಮೊದಲನೆಯದು ದಾಟಿದ ಖುಷಿಯಲ್ಲಿ ಎರಡನೆಯದು ಮರೆತೇ ಹೋಗುತ್ತದೆ, ಆದರೆ ಎಲ್ಲರಿಗೂ ಬೇಕಾದ ಬ್ರಾಂಚ್‌ಗಳಿಗೆ ನಿಜವಾದ ಪೈಪೋಟಿ ನಡೆಯುವುದು ಆ ಮೊದಲ ವರ್ಷದ ಗ್ರೇಡುಗಳ ಮೇಲೆ. ಟೆಕ್ಸಾಸ್‌ನದೇ ಇನ್ನೊಂದು ಉದಾಹರಣೆ ಕೊಡುತ್ತೇನೆ. 1997ರಲ್ಲಿ ಅಲ್ಲಿ ಒಂದು ಕಾನೂನು ಬಂತು. ರಾಜ್ಯದ ಪ್ರತಿ ಹೈಸ್ಕೂಲಿನ ಮೇಲಿನ ಶೇಕಡಾ 10ರಷ್ಟು ಮಕ್ಕಳಿಗೆ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ನೇರ ಪ್ರವೇಶ. ಟೆಕ್ಸಾಸ್ ಯೂನಿವರ್ಸಿಟಿಯ ಆಸ್ಟಿನ್ ಕ್ಯಾಂಪಸ್ಸಿಗೆ ಆ ಮಿತಿಯನ್ನು ಆಮೇಲೆ ಇನ್ನೂ ಬಿಗಿ ಮಾಡಿದರು. ಆದರೆ ಆ ನೇರ ಪ್ರವೇಶ ಯೂನಿವರ್ಸಿಟಿಗೆ ಮಾತ್ರ, ಎಂಜಿನಿಯರಿಂಗ್ ಸೀಟಿಗೆ ಅಲ್ಲ. "ನನಗೆ ಆಟೋಮ್ಯಾಟಿಕ್ ಅಡ್ಮಿಷನ್ ಇದೆ" ಅಂತ ನಿಶ್ಚಿಂತೆಯಿಂದ ಕೂತ ಹುಡುಗಿಗೆ ಕೊನೆಗೆ ತಾನು ಕೇಳದ ವಿಷಯದಲ್ಲಿ ಸೀಟು ಬರಬಹುದು.

ಸರಾಸರಿ ಎಷ್ಟು ದಾರಿ ತಪ್ಪಿಸುತ್ತದೆ ಅನ್ನುವುದಕ್ಕೆ ಬರ್ಕ್ಲಿಯದೇ ಒಂದು ಹಳೆಯ ಕಥೆ ಇದೆ, ಸಂಖ್ಯಾಶಾಸ್ತ್ರ ಓದುವವರಿಗೆಲ್ಲ ಗೊತ್ತಿರುವಂಥದ್ದು. 1973ರಲ್ಲಿ ಅಲ್ಲಿನ ಸ್ನಾತಕೋತ್ತರ ಕೋರ್ಸುಗಳಿಗೆ ಅರ್ಜಿ ಹಾಕಿದ ಗಂಡಸರಲ್ಲಿ ಸುಮಾರು ಶೇಕಡಾ 44, ಹೆಂಗಸರಲ್ಲಿ ಸುಮಾರು ಶೇಕಡಾ 35 ಜನರಿಗೆ ಸೀಟು ಸಿಕ್ಕಿತ್ತು. ನೋಡಿದರೆ ಹೆಂಗಸರಿಗೆ ಅನ್ಯಾಯ ಆದಂತೆ ಕಾಣುತ್ತದೆ ಅಲ್ವಾ? ಪೀಟರ್ ಬಿಕೆಲ್ ಮತ್ತು ಜೊತೆಗಾರರು ಒಂದೊಂದೇ ವಿಭಾಗ ಬಿಡಿಸಿ ನೋಡಿ 1975ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಚ್ಚಿನ ವಿಭಾಗಗಳಲ್ಲಿ ಅಂಥ ವ್ಯತ್ಯಾಸವೇ ಇರಲಿಲ್ಲ. ಯಾರಿಗೇ ಆದರೂ ಸೀಟು ಸಿಗುವುದು ಕಷ್ಟ ಇದ್ದ ವಿಭಾಗಗಳಿಗೆ ಹೆಂಗಸರು ಜಾಸ್ತಿ ಅರ್ಜಿ ಹಾಕಿದ್ದರು, ಅಷ್ಟೇ. ಎಲ್ಲವನ್ನೂ ಒಂದೇ ರಾಶಿಗೆ ಹಾಕಿದಾಗ ಚಿತ್ರವೇ ತಿರುಗಿಹೋಯಿತು. ನೀವು ಯೂನಿವರ್ಸಿಟಿಯ ಒಟ್ಟು ಸಂಖ್ಯೆ ಹಿಡಿದುಕೊಂಡು ಒಂದು ವಿಭಾಗದ ಸೀಟು ಅಂದಾಜು ಮಾಡುವಾಗಲೂ ನಡೆಯುವುದು ಇದೇ.

ಇನ್ನು ಬರೀ ರ‍್ಯಾಂಕ್ ಮೇಲೆ ಸೀಟು ಕೊಡುವ ಪದ್ಧತಿಗಳು. ಇಲ್ಲಿ ಅಂದಾಜು ಎಷ್ಟೋ ಸುಲಭ, ಯಾಕೆಂದರೆ ಎಲ್ಲವೂ ಬಹಿರಂಗ. ಜೆಇಇ ಬರೆದವರಿಗೆ ಐಐಟಿ, ಎನ್‌ಐಟಿ ಸೀಟು ಹಂಚುವ ಜೋಸಾ ಪ್ರತಿ ಸಂಸ್ಥೆಯ ಪ್ರತಿ ಬ್ರಾಂಚ್‌ಗೆ ಮೊದಲ ರ‍್ಯಾಂಕ್ ಯಾವುದು, ಕೊನೆಯ ರ‍್ಯಾಂಕ್ ಯಾವುದು ಅಂತ ಸುತ್ತು ಸುತ್ತಿಗೂ ಹಾಕುತ್ತದೆ. ಐಐಟಿ ಬಾಂಬೆಯ ಕಂಪ್ಯೂಟರ್ ಸೈನ್ಸ್‌ನಲ್ಲಿ ಸಾಮಾನ್ಯ ವರ್ಗದ ಸೀಟುಗಳು, ಹುಡುಗಿಯರಿಗೇ ಮೀಸಲಾದವು ಬಿಟ್ಟು, ಈಚೆಗೆ ಮೊದಲ 70 ರ‍್ಯಾಂಕ್‌ಗಳ ಒಳಗೇ ಮುಗಿದುಹೋಗಿವೆ. ಅಂಥ ಕಡೆ ಊಹೆಗೆ ಜಾಗವೇ ಇಲ್ಲ. ಆದರೆ ಇಲ್ಲೂ ನೋಡುವ ರೀತಿ ತಿಳಿದಿರಬೇಕು. ಮೊದಲ ಸುತ್ತಿನ ಕೊನೆಯ ರ‍್ಯಾಂಕ್ ನೋಡಿ ಹೆದರಬೇಡಿ, ಕೊನೆಯ ಸುತ್ತಿನದು ನೋಡಿ. ನಿಮ್ಮ ವರ್ಗದ ಸಾಲಿನಲ್ಲೇ ನೋಡಿ. ಎನ್‌ಐಟಿ ಆದರೆ ಅರ್ಧ ಸೀಟು ಆಯಾ ರಾಜ್ಯದವರಿಗೆ, ಹಾಗಾಗಿ ಒಂದೇ ಬ್ರಾಂಚ್‌ಗೆ ಎರಡು ಬೇರೆ ಬೇರೆ ಕೊನೆಯ ರ‍್ಯಾಂಕ್ ಇರುತ್ತವೆ, ಅವೆರಡೂ ತುಂಬ ದೂರ ದೂರ ಇರಬಹುದು. ಒಂದೇ ವರ್ಷದ್ದು ನೋಡಿ ನಿರ್ಧಾರಕ್ಕೆ ಬರಬೇಡಿ. ಮೂರ್ನಾಲ್ಕು ವರ್ಷದ್ದು ಪಕ್ಕಪಕ್ಕ ಇಟ್ಟರೆ ಅದು ಎಷ್ಟು ಮೇಲೆ ಕೆಳಗೆ ಆಗುತ್ತದೆ ಅಂತ ಕಾಣುತ್ತದೆ. ನಿಮ್ಮ ರ‍್ಯಾಂಕ್ ಆ ಏರಿಳಿತದ ಒಳಗಿದ್ದರೆ ಸಿಗಲೂಬಹುದು, ಸಿಗದೇನೂ ಇರಬಹುದು. ಅದರ ಆಚೆ ಇದ್ದರೆ ಉತ್ತರ ಆಗಲೇ ಸಿಕ್ಕಂತೆ.

ಅಂಕಕ್ಕಿಂತ ರ‍್ಯಾಂಕ್ ನೋಡಿ ಅನ್ನುವುದಕ್ಕೂ ಕಾರಣ ಇದೆ. ಪ್ರಶ್ನೆಪತ್ರಿಕೆ ಒಂದು ವರ್ಷ ಸುಲಭ, ಇನ್ನೊಂದು ವರ್ಷ ಕಷ್ಟ. ಹೋದ ವರ್ಷ ಸೀಟು ತಂದ ಅಂಕ ಈ ವರ್ಷ ಸಾಲದೇ ಹೋಗಬಹುದು. ಸೀಟುಗಳ ಸಂಖ್ಯೆ ಮಾತ್ರ ಅಷ್ಟು ಬೇಗ ಬದಲಾಗುವುದಿಲ್ಲ. ಚೀನಾದ ಗಾವ್‌ಕಾವ್ ಪರೀಕ್ಷೆ ಬರೆಯುವ ಮಕ್ಕಳೂ ತಮ್ಮ ಪ್ರಾಂತ್ಯದಲ್ಲಿ ತಮ್ಮ ಸ್ಥಾನ ಎಷ್ಟನೆಯದು ಅಂತ ನೋಡಿಕೊಂಡೇ ಕಾಲೇಜುಗಳ ಪಟ್ಟಿ ಮಾಡುತ್ತಾರೆ. ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ ಏರೋಸ್ಪೇಸ್ ಎಂಜಿನಿಯರಿಂಗ್‌ಗೆ ವರ್ಷಕ್ಕೆ 440 ಸೀಟು ಅಂತ ಮಿತಿ ಇದೆ. ಅಲ್ಲಿ ಆಯ್ಕೆ ನಡೆಸಿ ಅರ್ಜಿದಾರರಿಗೆ ರ‍್ಯಾಂಕ್ ಕೊಡುತ್ತಾರೆ. ಲೆಕ್ಕ ಅದೇ.

ಅಂಕ, ಪ್ರಬಂಧ, ಶಿಫಾರಸು ಪತ್ರ, ಎಲ್ಲ ಸೇರಿಸಿ ನೋಡುವ ಕಡೆ ಸ್ವಲ್ಪ ಕಷ್ಟ. ಅಲ್ಲಿ ಸೇರಿದ ವಿದ್ಯಾರ್ಥಿಗಳ ಟೆಸ್ಟ್ ಸ್ಕೋರ್ ಅಂತ ಎರಡು ಸಂಖ್ಯೆ ಕೊಟ್ಟಿರುತ್ತಾರೆ. ಸೇರಿದವರಲ್ಲಿ ನಡುವಿನ ಅರ್ಧ ಜನ ಆ ಎರಡು ಸಂಖ್ಯೆಗಳ ಮಧ್ಯೆ ಇದ್ದಾರೆ ಅಂತ ಅರ್ಥ. ಕಾಲುಭಾಗ ಜನ ಅದಕ್ಕಿಂತ ಕೆಳಗಿದ್ದೂ ಸೇರಿದ್ದಾರೆ. ಈ ಕಾಲುಭಾಗ ನೋಡಿ ಧೈರ್ಯ ತಂದುಕೊಳ್ಳುವವರು ತುಂಬ ಜನ. ದಯವಿಟ್ಟು ಹಾಗೆ ಮಾಡಬೇಡಿ. ಕಡಿಮೆ ಸ್ಕೋರಿದ್ದೂ ಒಳಗೆ ಹೋದವರ ಅರ್ಜಿಯಲ್ಲಿ ಬೇರೆ ಏನೋ ಗಟ್ಟಿಯಾದದ್ದು ಇತ್ತು. ನಿಮ್ಮ ಅರ್ಜಿಯಲ್ಲಿ ಅಂಥದ್ದು ಏನಿದೆ ಅಂತ ಮೊದಲು ಬರೆದುಕೊಳ್ಳಿ. ಬರೆಯಲು ಏನೂ ತೋಚದಿದ್ದರೆ ನೀವು ಮೇಲಿನ ಕಾಲುಭಾಗದಲ್ಲಿ ಇರುವ ಜಾಗಗಳನ್ನೇ ಪಟ್ಟಿಯಲ್ಲಿ ಜಾಸ್ತಿ ಇಟ್ಟುಕೊಳ್ಳಿ.

ಒಂದೇ ಸ್ಕೋರಿಗೆ ಎಲ್ಲ ಕಡೆ ಒಂದೇ ಬೆಲೆ ಅಂತಲೂ ಇಲ್ಲ. ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಯಾವ ಕ್ಯಾಂಪಸ್ಸೂ ಪ್ರವೇಶ ಕೊಡುವಾಗ ಎಸ್‌ಎಟಿ ಅನ್ನುವ ಪ್ರವೇಶ ಪರೀಕ್ಷೆಯ ಸ್ಕೋರ್ ನೋಡುವುದಿಲ್ಲ. ಎಂಐಟಿ ಕೊರೋನಾ ಕಾಲದಲ್ಲಿ ಅದನ್ನು ಬಿಟ್ಟಿದ್ದು, 2022ರಲ್ಲಿ ಮತ್ತೆ ಕಡ್ಡಾಯ ಮಾಡಿತು. ಕೆನಡಾದ ವಾಟರ್‌ಲೂನಲ್ಲಿ ಎಂಜಿನಿಯರಿಂಗ್‌ಗೆ ಅರ್ಜಿ ಹಾಕಿದವರ ಶಾಲೆಯಿಂದ ಹಿಂದೆ ಬಂದವರು ಮೊದಲ ವರ್ಷದಲ್ಲಿ ಎಷ್ಟು ಚೆನ್ನಾಗಿ ಓದಿದರು ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಂಡದ್ದಿದೆ. ಎರಡು ಶಾಲೆಗಳ 95 ಅಲ್ಲಿ ಒಂದೇ 95 ಆಗಬೇಕಿಲ್ಲ. ಕೇಂಬ್ರಿಜ್‌ನಲ್ಲಿ ಪ್ರವೇಶ ಪರೀಕ್ಷೆ, ಇಂಟರ್‌ವ್ಯೂ ಎಲ್ಲ ದಾಟಿದ ಮೇಲೂ ಹೆಚ್ಚಿನವರಿಗೆ ಸಿಗುವುದು ಷರತ್ತಿನ ಸೀಟು. ಶಾಲೆಯ ಕೊನೆಯ ಪರೀಕ್ಷೆಯಲ್ಲಿ ಅವರು ಹೇಳಿದ ಗ್ರೇಡು ಬಂದರೆ ಮಾತ್ರ ಅದು ಖಾತ್ರಿ. ಅಲ್ಲಿಗೆ ಹಾಕುವವರು ಸೀಟಿನ ಚಾನ್ಸು, ಆ ಗ್ರೇಡು ಬರುವ ಚಾನ್ಸು, ಎರಡನ್ನೂ ಬೇರೆ ಬೇರೆ ಅಂದಾಜು ಮಾಡಬೇಕು.

ದುಡ್ಡಿನ ವಿಷಯ ಮನೆಗಳಲ್ಲಿ ಕೊನೆಗೆ ಮಾತಾಡುತ್ತಾರೆ, ಅದು ಮೊದಲೇ ಆಗಬೇಕಾದ ಮಾತು. ಅಮೆರಿಕದ ಕೆಲವೇ ಕೆಲವು ಕಡೆ, ಎಂಐಟಿ ಅದರಲ್ಲಿ ಒಂದು, ಹೊರದೇಶದ ವಿದ್ಯಾರ್ಥಿ ಆರ್ಥಿಕ ನೆರವು ಕೇಳಿದರೂ ಅದು ಆಯ್ಕೆಯ ಮೇಲೆ ಪರಿಣಾಮ ಬೀರುವುದಿಲ್ಲ. ಎಷ್ಟೋ ಕಡೆ ಬೀರುತ್ತದೆ. ಒಂದೇ ಅಂಕ, ಒಂದೇ ಪ್ರಬಂಧ, ಆದರೆ ನೆರವು ಬೇಕು ಅಂತ ಗುರುತು ಹಾಕಿದವನ ಚಾನ್ಸು ಬೇರೆ, ಹಾಕದವನ ಚಾನ್ಸು ಬೇರೆ. ಇದು ಸರಿ ಅಂತ ನನಗೆ ಯಾವತ್ತೂ ಅನಿಸಿಲ್ಲ. ಆದರೆ ನಿಯಮ ಹಾಗಿದೆ, ತಿಳಿದುಕೊಂಡೇ ಅರ್ಜಿ ಹಾಕಬೇಕು.

ಈಗ ಒಂದು ಗುಣಾಕಾರದ ವಿಷಯ. "ಹತ್ತು ಕಡೆ ಹಾಕಿದ್ದೇನೆ, ಒಂದೊಂದರಲ್ಲಿ ನೂರಕ್ಕೆ ಹತ್ತು ಚಾನ್ಸು, ಒಂದಾದರೂ ಸಿಗಲೇಬೇಕು" ಅಂತ ಧೈರ್ಯ ಹೇಳಿಕೊಳ್ಳುತ್ತಾರೆ. ಹತ್ತೂ ಕಡೆ ಇಲ್ಲ ಅನ್ನುವ ಸಾಧ್ಯತೆ 0.9ನ್ನು ಹತ್ತು ಸಲ ಗುಣಿಸಿದಷ್ಟು, ಅಂದರೆ ಸುಮಾರು 0.35. ಹಾಗಾದರೆ ಒಂದಾದರೂ ಸಿಗುವುದು ನೂರಕ್ಕೆ 65. ಇದರ ಪ್ರಕಾರವೇ ಮೂರರಲ್ಲಿ ಒಬ್ಬರಿಗೆ ಎಲ್ಲೂ ಸಿಗುವುದಿಲ್ಲ. ಅದೂ ಹತ್ತು ಯೂನಿವರ್ಸಿಟಿಗಳು ಒಂದಕ್ಕೊಂದು ಸಂಬಂಧವೇ ಇಲ್ಲದೆ ನಿರ್ಧಾರ ಮಾಡುತ್ತವೆ ಅಂತ ಇಟ್ಟುಕೊಂಡರೆ. ನಿಜದಲ್ಲಿ ಎಲ್ಲರೂ ಓದುವುದು ಅದೇ ಅಂಕಪಟ್ಟಿ, ಅದೇ ಪತ್ರಗಳು, ಹೆಚ್ಚುಕಮ್ಮಿ ಅದೇ ಪ್ರಬಂಧ. ಒಂದು ಕಡೆ ಕೊರತೆ ಅನಿಸಿದ್ದು ಇನ್ನೊಂದು ಕಡೆಯೂ ಕೊರತೆ ಅಂತಲೇ ಅನಿಸುತ್ತದೆ. ಹಾಗಾಗಿ ನಿಜವಾದ ಸಂಖ್ಯೆ 65ಕ್ಕಿಂತ ಕಡಿಮೆಯೇ ಇರುತ್ತದೆ. ಒಂದೇ ಮಟ್ಟದ ಇನ್ನೂ ಐದು ಹೆಸರು ಸೇರಿಸುವುದರಿಂದ ಅಂಥ ಲಾಭ ಇಲ್ಲ. ಬೇರೆ ಮಟ್ಟದ, ಬೇರೆ ರೀತಿಯಲ್ಲಿ ಆಯ್ಕೆ ಮಾಡುವ ಎರಡು ಹೆಸರು ಸೇರಿಸಿದರೆ ಅದು ಕೆಲಸಕ್ಕೆ ಬರುತ್ತದೆ.

ತಮ್ಮ ಅಂಕ, ಬಹುಮಾನ ಎಲ್ಲ ಪಟ್ಟಿ ಮಾಡಿ ಆನ್‌ಲೈನ್‌ನಲ್ಲಿ ಪರಿಚಯವಿಲ್ಲದವರ ಮುಂದೆ ಇಟ್ಟು "ನನ್ನ ಚಾನ್ಸು ಹೇಳಿ" ಅಂತ ಕೇಳುವವರ ಸಂಕಟ ನನಗೆ ಅರ್ಥ ಆಗುತ್ತದೆ. ಕಾಯುವುದು ಕಷ್ಟ. ಆದರೆ ಉತ್ತರ ಕೊಡುವವರು ನಿಮ್ಮ ಪ್ರಬಂಧ ಓದಿಲ್ಲ, ನಿಮ್ಮ ಮೇಷ್ಟ್ರು ಏನು ಬರೆದರು ಅಂತ ನೋಡಿಲ್ಲ, ಆ ವರ್ಷ ಎಂಥವರು ಅರ್ಜಿ ಹಾಕಿದ್ದಾರೆ ಅಂತಲೂ ಅವರಿಗೆ ಗೊತ್ತಿಲ್ಲ. ಮತ್ತೆ ಸೀಟು ಸಿಕ್ಕವರು ತಮ್ಮ ಅಂಕ ಹೇಳಿಕೊಳ್ಳುತ್ತಾರೆ, ಸಿಗದವರು ಸುಮ್ನಿರುತ್ತಾರೆ. ಅದನ್ನೇ ಓದುತ್ತಾ ಹೋದರೆ ಎಲ್ಲರೂ ನಿಮಗಿಂತ ಮುಂದಿದ್ದಾರೆ ಅನಿಸುತ್ತದೆ. ಅದರ ಬದಲು ನಿಮ್ಮದೇ ಶಾಲೆ ಅಥವಾ ಕಾಲೇಜಿನಿಂದ ಹಿಂದಿನ ವರ್ಷಗಳಲ್ಲಿ ಅಲ್ಲಿಗೆ ಹೋದವರನ್ನು, ಹಾಗೇ ಅರ್ಜಿ ಹಾಕಿಯೂ ಸಿಗದವರನ್ನು ಹುಡುಕಿ ಮಾತಾಡಿಸಿ. ಸಿಗದವರ ಜೊತೆ ಮಾತಾಡಲು ಮುಜುಗರ ಪಡಬೇಡಿ. ಅವರು ಸಾಮಾನ್ಯವಾಗಿ ತುಂಬ ಬಿಚ್ಚುಮನಸ್ಸಿನಿಂದ ಹೇಳುತ್ತಾರೆ, ಅವರಿಂದ ಸಿಗುವ ಮಾಹಿತಿ ಬೇರೆ ಎಲ್ಲೂ ಸಿಗುವುದಿಲ್ಲ.

ಪಟ್ಟಿಯ ಕೊನೆಯ ಹೆಸರಿನ ಬಗ್ಗೆ ನನ್ನದು ಸ್ವಲ್ಪ ಹಟ. ಅದು ಖಂಡಿತ ಸಿಗುವ ಜಾಗ ಆಗಿರಬೇಕು, ಖರ್ಚು ಭರಿಸಲು ಆಗುವ ಜಾಗ ಆಗಿರಬೇಕು, ಮತ್ತೆ ಅದೊಂದೇ ಸಿಕ್ಕಿದರೂ ನೀವು ಮನಸ್ಸಿಟ್ಟು ಹೋಗಿ ಓದುವಂಥದ್ದಾಗಿರಬೇಕು. ತುಂಬ ಮಕ್ಕಳು ಮೇಲಿನ ಐದು ಹೆಸರಿಗೆ ತಿಂಗಳುಗಟ್ಟಲೆ ಯೋಚಿಸಿ, ಕೊನೆಯದನ್ನು ಐದು ನಿಮಿಷದಲ್ಲಿ ಬರೆದುಬಿಡುತ್ತಾರೆ. ನಾಲ್ಕು ವರ್ಷ ಕಳೆಯುವುದು ಅಲ್ಲೇ ಆದರೆ? ಅಲ್ಲಿನ ಲ್ಯಾಬು ಹೇಗಿದೆ, ಯಾರು ಪಾಠ ಮಾಡುತ್ತಾರೆ, ಬ್ರಾಂಚ್ ಬದಲಿಸಲು ಬಿಡುತ್ತಾರಾ, ಇದೆಲ್ಲ ಮೇಲಿನ ಹೆಸರುಗಳಿಗೆ ನೋಡಿದಷ್ಟೇ ಶ್ರದ್ಧೆಯಿಂದ ನೋಡಿ.

ಸೇರುವುದು ಸುಲಭ, ಉಳಿಯುವುದು ಕಷ್ಟ ಅನ್ನುವ ಜಾಗಗಳೂ ಇವೆ. ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್‌ಗೆ ಆ ದೇಶದ ಮಟೂರಾ, ಅಂದರೆ ಹೈಸ್ಕೂಲಿನ ಕೊನೆಯ ಪರೀಕ್ಷೆ, ಪಾಸಾದವರು ಪ್ರವೇಶ ಪರೀಕ್ಷೆ ಇಲ್ಲದೆ ಸೇರಬಹುದು. ನಿಜವಾದ ಜರಡಿ ಇರುವುದು ಮೊದಲ ವರ್ಷದ ಪರೀಕ್ಷೆಯಲ್ಲಿ. ಅದರಲ್ಲಿ ಫೇಲಾದರೆ ಇನ್ನೊಂದೇ ಅವಕಾಶ, ಆಮೇಲೆ ಆ ಕೋರ್ಸು ಬಿಡಬೇಕು. ಅಂಥ ಕಡೆ ಸೇರುವ ಚಾನ್ಸು ಅಂತ ಅಂದಾಜು ಮಾಡುವುದರಲ್ಲಿ ಅರ್ಥವೇ ಇಲ್ಲ, ಗಣಿತ ಮತ್ತು ಭೌತಶಾಸ್ತ್ರದಲ್ಲಿ ನಿಮ್ಮ ಬುನಾದಿ ಎಷ್ಟು ಗಟ್ಟಿ ಅಂತ ನೋಡಿಕೊಳ್ಳಬೇಕು.

ಮೊದಲ ಸಲ ಸಿಗದಿದ್ದರೆ ಪಕ್ಕದ ಬಾಗಿಲು ಇದೆಯಾ ಅಂತಲೂ ಈಗಲೇ ನೋಡಿಟ್ಟುಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ ಕಮ್ಯುನಿಟಿ ಕಾಲೇಜಿನಲ್ಲಿ, ಅಂದರೆ ಎರಡು ವರ್ಷದ ಕೋರ್ಸಿನ ಸ್ಥಳೀಯ ಕಾಲೇಜಿನಲ್ಲಿ, ಮೊದಲು ಓದಿ, ಆಮೇಲೆ ಯೂನಿವರ್ಸಿಟಿಗೆ ವರ್ಗ ಆಗುವ ದಾರಿ ತುಂಬ ಜನ ಬಳಸುತ್ತಾರೆ. ಕೆಲವು ಕ್ಯಾಂಪಸ್ಸುಗಳು ಇಂತಿಷ್ಟು ಗ್ರೇಡು ಬಂದರೆ ಸೀಟು ಖಚಿತ ಅಂತ ಒಪ್ಪಂದವನ್ನೇ ಮಾಡಿಕೊಳ್ಳುತ್ತವೆ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ ಮಾತ್ರ ಆ ಒಪ್ಪಂದದಲ್ಲಿ ಇಲ್ಲ. ಒಪ್ಪಂದ ಇರುವ ಕಡೆಯೂ ಎಂಜಿನಿಯರಿಂಗ್ ಬ್ರಾಂಚ್‌ಗಳನ್ನು ಹೊರಗಿಟ್ಟಿರಬಹುದು. ಹಾಗಾಗಿ ಪ್ರವೇಶ ವಿಭಾಗಕ್ಕೆ ಒಂದು ಇಮೇಲ್ ಬರೆಯಿರಿ. "ನನ್ನ ಚಾನ್ಸು ಎಷ್ಟು" ಅಂತ ಕೇಳಿದರೆ ಅವರು ಉತ್ತರ ಕೊಡುವುದಿಲ್ಲ. ಹೋದ ವರ್ಷ ಈ ಬ್ರಾಂಚ್‌ಗೆ ಎಷ್ಟು ಅರ್ಜಿ ಬಂದವು, ಎಷ್ಟು ಜನರಿಗೆ ಸೀಟು ಕೊಟ್ಟಿರಿ, ಒಳಗೆ ಬಂದ ಮೇಲೆ ಈ ಬ್ರಾಂಚ್‌ಗೆ ಬದಲಾಯಿಸಿಕೊಂಡವರು ಎಷ್ಟು ಜನ, ಹೀಗೆ ನೇರವಾಗಿ ಕೇಳಿ. ಕೆಲವರು ಕೊಡುತ್ತಾರೆ, ಕೆಲವರು ಕೊಡುವುದಿಲ್ಲ. ಅರ್ಜಿಯ ಕೊನೆಯ ವಾರದಲ್ಲಿ ಬರೆದರೆ ಮಾತ್ರ ಯಾರೂ ಓದುವುದಿಲ್ಲ, ಅದಕ್ಕೇ ಎರಡು ಮೂರು ತಿಂಗಳು ಮೊದಲೇ ಕಳಿಸಿ.