350ಓ 450ಓ? ಓಹೈಯೋ ಜಿಂಕೆ ಸೀಸನ್‌ಗೆ ಒಂದು ತೋಟೆ ಹುಡುಕುತ್ತಾ

ಜೂನ್, ಎರಡನೇ ಶನಿವಾರ

ಹೋದ ಡಿಸೆಂಬರ್‌ನಲ್ಲಿ 12 ಗೇಜ್ ಶಾಟ್‌ಗನ್ ಕೋವಿಯಲ್ಲಿ ಸ್ಲಗ್ (ಚರೆಯ ಬದಲು ಒಂದೇ ದಪ್ಪ ಗುಂಡು) ಹಾಕಿ ಹೊಡೆದಿದ್ದೆ. ಜಿಂಕೆ 90 ಗಜದಲ್ಲಿತ್ತು. ತಲೆ ಎತ್ತಿ ನನ್ನನ್ನು ನೋಡಿ, ಬಿಳಿ ಬಾಲ ಆಡಿಸಿಕೊಂಡು ಹೊರಟುಹೋಯಿತು. ನನ್ನ ಭುಜ ಮಾತ್ರ ಎರಡು ದಿನ ನೋಯುತ್ತಿತ್ತು. ಈ ವರ್ಷ ರೈಫಲ್ ತಗೋಬೇಕು ಅಂತ ಅವತ್ತೇ ತೀರ್ಮಾನಿಸಿದ್ದೆ. ಯಾವ ತೋಟೆಯದ್ದು (ಗುಂಡು, ಮದ್ದು ಎಲ್ಲ ಸೇರಿದ ಕಾರ್ಟ್ರಿಜ್) ಅನ್ನುವುದೇ ಈಗಿನ ಪ್ರಶ್ನೆ. ಆರು ತಿಂಗಳು ಇದೆ. ಬರೆದಿಟ್ಟುಕೊಳ್ಳುತ್ತಾ ಹೋಗುತ್ತೇನೆ.

ಮೊದಲು ಇಲ್ಲಿನ ನಿಯಮ ಹೇಳಿಬಿಡುತ್ತೇನೆ. ಅಮೆರಿಕದ ಈ ಓಹೈಯೋ ರಾಜ್ಯದಲ್ಲಿ ಜಿಂಕೆಗೆ ಯಾವ ರೈಫಲ್ ಆದರೂ ನಡೆಯುವುದಿಲ್ಲ. 2014ರ ತನಕ ರೈಫಲ್ಲೇ ಇರಲಿಲ್ಲ. ಶಾಟ್‌ಗನ್, ಮುಂದಿನಿಂದ ಮದ್ದು ತುಂಬುವ ಕೋವಿ, ಕೈಪಿಸ್ತೂಲು, ಬಿಲ್ಲು ಇಷ್ಟೇ. 2014ರಲ್ಲಿ ಸ್ಟ್ರೇಟ್ ವಾಲ್ ತೋಟೆಯ ರೈಫಲ್‌ಗೆ ಒಪ್ಪಿಗೆ ಸಿಕ್ಕಿತು. ಗುಂಡಿನ ಅಗಲ .357 ಇಂಚಿನಿಂದ .50 ಇಂಚಿನೊಳಗೆ ಇರಬೇಕು.

ಸಾಮಾನ್ಯ ರೈಫಲ್ ತೋಟೆ ಹೂಜಿಯ ಹಾಗೆ. ಹೊಟ್ಟೆ ದಪ್ಪ, ಆಮೇಲೆ ಹೆಗಲು, ಆಮೇಲೆ ಸಣ್ಣ ಕತ್ತು. ಮದ್ದು ಜಾಸ್ತಿ, ಗುಂಡು ಸಣ್ಣದು, ವೇಗ ಭಯಂಕರ. ಸ್ಟ್ರೇಟ್ ವಾಲ್ ಅಂದರೆ ಸ್ಟೀಲ್ ಲೋಟದ ಹಾಗೆ, ಬುಡದಿಂದ ಬಾಯಿ ತನಕ ನೆಟ್ಟಗೆ. ಗುಂಡು ಅಗಲ, ಭಾರ, ನಿಧಾನ, ಬೇಗ ಕೆಳಗೆ ಇಳಿಯುತ್ತದೆ. ಇಲ್ಲಿನ ನೆಲ ಬಹುಪಾಲು ಚಪ್ಪಟೆ. ಡಿಸೆಂಬರ್ ಹೊತ್ತಿಗೆ ಜೋಳ, ಸೋಯಾ ಕೊಯ್ಲಾಗಿ ಹೊಲ ಬೋಳಾಗಿರುತ್ತದೆ, ನಡುನಡುವೆ ಮನೆಗಳು. ಕಾನೂನಿನ ಹಿಂದಿನ ಲೆಕ್ಕಾಚಾರ ಇದು. ಹಾಗಂತ ಇವು ಹತ್ತಿರದಲ್ಲೇ ಬಿದ್ದುಬಿಡುತ್ತವೆ ಅಂದುಕೊಳ್ಳಬೇಡಿ. ತಪ್ಪಿದ ಗುಂಡು ಒಂದು ಮೈಲಿ ದಾಟಿ ಹೋಗಬಹುದು. ಹಿಂದೆ ಮಣ್ಣಿನ ದಿಬ್ಬ ಕಾಣದೆ ಟ್ರಿಗರ್ ಮುಟ್ಟುವ ಹಾಗಿಲ್ಲ.

ತೋಟೆ ಅನ್ನುವ ಮಾತು ನನಗೆ ಅಜ್ಜನಿಂದ ಬಂದಿದ್ದು. ಮಲೆನಾಡಿನ ನಮ್ಮ ಮನೆಯಲ್ಲಿ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಪಡೆದ ಒಂಟಿ ನಳಿಗೆ ಕೋವಿ ಇತ್ತು. ಪ್ರತಿ ಚುನಾವಣೆಗೂ ಅದು ಪೊಲೀಸ್ ಸ್ಟೇಷನ್‌ಗೆ ಹೋಗಿ ಬರುತ್ತಿತ್ತು. ನಾನು ಅದನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿದ್ದು ಬಿಟ್ಟರೆ ಮತ್ತೇನೂ ಮಾಡಿಲ್ಲ. ಊರಲ್ಲಿ 1972ರ ಕಾಯ್ದೆ ಬಂದ ಮೇಲೆ ಜಿಂಕೆಗೆ ಗುರಿ ಇಟ್ಟರೆ ಜೈಲು. ಇಲ್ಲಿ ಪರ್ಮಿಟ್ ಕೊಟ್ಟು ಹೊಡೆಯಿರಿ ಅನ್ನುತ್ತಾರೆ. ಇದನ್ನು ಅಮ್ಮನಿಗೆ ಅರ್ಥ ಮಾಡಿಸಲು ನನ್ನಿಂದ ಇನ್ನೂ ಆಗಿಲ್ಲ.

ಜೂನ್, ಕೊನೆಯ ವಾರ

ಪಕ್ಕದ ಹೊಲದ ಯಜಮಾನರ ಅಡುಗೆಮನೆ ಮೇಜಿನ ಮೇಲೆ ತೋಟೆಗಳ ಮೆರವಣಿಗೆ. ಎಪ್ಪತ್ತು ದಾಟಿದವರು. ನನಗೆ ಅವರ ಕಾಡಿನಲ್ಲಿ ಬೇಟೆಗೆ ಬರೆದುಕೊಟ್ಟ ಅನುಮತಿ ಇದೆ (ಇಲ್ಲಿ ಬಾಯಿಮಾತು ಸಾಲದು, ಕಾಗದ ಬೇಕು). ಮೇಜಿನ ಮೇಲೆ ಇದ್ದವು: .45-70, .450 ಬುಷ್‌ಮಾಸ್ಟರ್, .350 ಲೆಜೆಂಡ್, .360 ಬಕ್‌ಹ್ಯಾಮರ್. ವಿಂಚೆಸ್ಟರ್‌ನ .400 ಲೆಜೆಂಡ್ ಅವರ ಹತ್ತಿರ ಇಲ್ಲ. 2023ರಲ್ಲಿ ಬಂದ ತೋಟೆ ಅದು, 350ಕ್ಕೂ 450ಕ್ಕೂ ನಡುವಿನ ಜಾಗಕ್ಕೆ. ಅದನ್ನು ಇಲ್ಲಿಗೇ ಬಿಡುತ್ತೇನೆ.

.45-70 ಈ ಮನೆಯ ಅಜ್ಜ. 1873ರಲ್ಲಿ ಅಮೆರಿಕದ ಸೇನೆಗೆ ಅಂತ ಹುಟ್ಟಿದ್ದು. 45 ಅಂದರೆ ಗುಂಡಿನ ಅಗಲ, 70 ಅಂದರೆ 70 ಗ್ರೇನ್ ಕರಿಮದ್ದು. ಗ್ರೇನ್ ಲೆಕ್ಕ ತಲೆಗೆ ಹತ್ತದವರಿಗೆ: ಒಂದು ಗುಲಗಂಜಿಗೆ ಹೆಚ್ಚುಕಡಿಮೆ ಎರಡು ಗ್ರೇನ್. ಅಕ್ಕಸಾಲಿ ತಕ್ಕಡಿಯಲ್ಲಿ ತೂಗುವಷ್ಟು ಸಣ್ಣ ಲೆಕ್ಕ. ಹಳೆಯ 405 ಗ್ರೇನ್ ಸೀಸದ ಗುಂಡು ಕೈಯಲ್ಲಿ ಹಿಡಿದರೆ 26 ಗ್ರಾಂ. ಈಗಿನ 325 ಗ್ರೇನ್ ಗುಂಡು ಸೆಕೆಂಡಿಗೆ 2,050 ಅಡಿ ವೇಗದಲ್ಲಿ ಹೊರಟರೆ 3,000 ಅಡಿ-ಪೌಂಡ್ ಶಕ್ತಿ. ನಮ್ಮೂರ ಕಾಟಿಗೂ ಸಾಕಾಗುವಷ್ಟು. 70 ಕೆಜಿಯ ಜಿಂಕೆಗೆ ಯಾಕೆ ಬೇಕು? ಹಾಗಂತ ಕೇಳಿದ್ದಕ್ಕೆ ಯಜಮಾನರು ಸುಮ್ನೆ ನಕ್ಕರು.

ಉಳಿದ ಮೂರನ್ನು ಅಳೆಯಲು ಕ್ಯಾಲಿಪರ್ ತೆಗೆದೆ. ಕೇಸಿನ (ಮದ್ದು ತುಂಬುವ ಹಿತ್ತಾಳೆ ಕೊಳವೆ) ಉದ್ದ: 450ಕ್ಕೆ 1.70 ಇಂಚು, 350ಕ್ಕೆ 1.71, ಬಕ್‌ಹ್ಯಾಮರ್‌ಗೆ 1.80. ಈ ಅಂಕಿಗಳು ಎಲ್ಲೋ ನೋಡಿದ ಹಾಗಿವೆಯಲ್ಲ ಅನ್ನಿಸಿತು. ಪಕ್ಕದ ಮಿಶಿಗನ್ ತನ್ನ ದಕ್ಷಿಣ ಭಾಗಕ್ಕೆ ಇದೇ ಥರದ ನಿಯಮ ತಂದಾಗ ಕೇಸ್ 1.16ರಿಂದ 1.80 ಇಂಚಿನೊಳಗೆ ಇರಬೇಕು, ಗುಂಡು ಕನಿಷ್ಠ .35 ಇರಬೇಕು ಅಂದಿತ್ತು. ಬಕ್‌ಹ್ಯಾಮರ್ ಸರಿಯಾಗಿ ಗೆರೆಯ ಮೇಲೆ ಕಾಲಿಟ್ಟು ನಿಂತಿದೆ! 2.105 ಇಂಚಿನ .45-70 ಆ ಗೆರೆಯಿಂದ ಹೊರಗೆ. 350ರ ಗುಂಡು .357, ಅಂದರೆ ಓಹೈಯೋದ ಕನಿಷ್ಠ ಅಳತೆ. 450 ಒಂದನ್ನು ಬಿಟ್ಟರೆ ಹೊಸ ತೋಟೆಗಳೆಲ್ಲ ಕಾನೂನಿನ ಮೈಗೆ ಅಳತೆ ತೆಗೆದು ಹೊಲಿದ ಅಂಗಿಗಳು. 450 ಮಾತ್ರ ಇದಕ್ಕೆಲ್ಲ ಮೊದಲೇ, 2007ರಲ್ಲಿ, ಎಆರ್ ಮಾದರಿಯ (ಸೇನೆಯ ರೈಫಲ್ ಹೋಲುವ) ರೈಫಲ್‌ನಲ್ಲಿ ದಪ್ಪ ಗುಂಡು ಹಾರಿಸಬೇಕು ಅನ್ನುವ ಆಸೆಯಿಂದ ಬಂದಿದ್ದು. ಅದೃಷ್ಟಕ್ಕೆ ಅಂಗಿ ಅದಕ್ಕೂ ಹಿಡಿಯಿತು.

ಜುಲೈ

ಕಾಗದದ ಮೇಲಿನ ಲೆಕ್ಕ ಹೀಗಿದೆ. 350: 150 ಗ್ರೇನ್, ಸೆಕೆಂಡಿಗೆ 2,325 ಅಡಿ, 1,800 ಅಡಿ-ಪೌಂಡ್. ಬಕ್‌ಹ್ಯಾಮರ್: 180 ಗ್ರೇನ್, 2,400 ಅಡಿ, 2,300. 450: 250 ಗ್ರೇನ್, 2,200 ಅಡಿ, ಸುಮಾರು 2,690.

ಇಷ್ಟು ನೋಡಿದರೆ 450 ತಗೊಂಡು ಕೈ ತೊಳೆದುಕೊಳ್ಳಬೇಕು ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಯಜಮಾನರ 450 ಸಾಲ ತಂದೆ. 350 ನಾನೇ ಕೊಂಡೆ, ಸಾದಾ ಬೋಲ್ಟ್ ರೈಫಲ್. ತೋಟೆಯೂ ಅಗ್ಗ, ಅಷ್ಟು ಹೊತ್ತಿಗೆ ಜೇಬೂ ಅಷ್ಟೇ ಹೇಳುತ್ತಿತ್ತು. ಬಕ್‌ಹ್ಯಾಮರ್ ಲಿವರ್ ರೈಫಲ್ (ಟ್ರಿಗರ್ ಸುತ್ತಲಿನ ಹಿಡಿ ಎಳೆದು ತೋಟೆ ಏರಿಸುವುದು) ಇರುವವರಿಗೆ ಒಳ್ಳೆಯದು. 30-30 ಅನ್ನುವ ಹಳೆಯ ಹೂಜಿ ತೋಟೆಯ ಕೇಸನ್ನೇ ನೆಟ್ಟಗೆ ಮಾಡಿದ ತೋಟೆ. ನನಗೆ ಲಿವರ್ ಎಳೆಯುವ ಚಟ ಇಲ್ಲ.

ಎರಡರ ಸ್ಕೋಪನ್ನೂ 100 ಗಜದಲ್ಲಿ ಗುಂಡು ಗುರಿಗೇ ಬೀಳುವ ಹಾಗೆ ಸರಿಮಾಡಿ 200 ಗಜದ ಹಲಗೆಗೆ ಹೊಡೆದೆ. 350 ಸುಮಾರು 8 ಇಂಚು ಕೆಳಗೆ. 450 ಸುಮಾರು 9. ಒಂದೇ ಇಂಚಿನ ವ್ಯತ್ಯಾಸ! ದೂರದ ವಿಷಯದಲ್ಲಿ ಇವೆರಡಕ್ಕೂ ಜಗಳವೇ ಇಲ್ಲ. ಎರಡೂ 150 ಗಜದ ತನಕ ಆರಾಮ, 200ಕ್ಕೆ ತಲೆ ಕೆಡಿಸಿಕೊಳ್ಳಬೇಕು.

ಸಂಜೆ ಅವರ ಕಾಡಿಗೆ ಹೋಗಿ ನಾನು ಕೂರುವ ಮರದಿಂದ ರೇಂಜ್‌ಫೈಂಡರ್ ಹಿಡಿದು ನೋಡಿದೆ. ಬೇಲಿ ಮೂಲೆ 58 ಗಜ. ಹಳ್ಳದ ದಾರಿ 71. ಅತಿ ದೂರ ಕಾಣುವುದು ಹೊಲದ ಅಂಚಿನ ಓಕ್ ಮರ, 134. ಈ ಕೆಲಸ ಜೂನ್‌ನಲ್ಲೇ ಮಾಡಬೇಕಿತ್ತು. 200 ಗಜದ ಚಿಂತೆ ನನಗೆ ಬೇಡವೇ ಬೇಡ.

ಆಗಸ್ಟ್, ಮೊದಲ ಭಾನುವಾರ

ಇವತ್ತು ಮರ್ಯಾದೆ ಹೋಯಿತು.

ಬೆಂಚಿನ ಮೇಲೆ 450. ಮೊದಲ ಮೂರು ಗುಂಡು ಎರಡು ಇಂಚಿನೊಳಗೆ. ನಾಲ್ಕು, ಐದು, ಆರು ಎಲ್ಲೆಲ್ಲೋ. ಎಲ್ಲವೂ ಕೆಳಗೆ ಎಡಕ್ಕೆ. ಸ್ಕೋಪ್ ಸಡಿಲವಾಗಿದೆ ಅಂದೆ. ಯಜಮಾನರು ಏನೂ ಹೇಳದೆ ರೈಫಲ್ ಇಸಿದುಕೊಂಡು, ಬೆನ್ನು ತಿರುಗಿಸಿ ತುಂಬಿಸಿ ಕೊಟ್ಟರು. ಗುರಿ ಹಿಡಿದೆ, ಟ್ರಿಗರ್ ಒತ್ತಿದೆ. ಟಿಕ್. ಅಷ್ಟೇ. ಮದ್ದಿಲ್ಲದ ಡಮ್ಮಿ ತೋಟೆ ಹಾಕಿದ್ದರು. ಆದರೆ ನಳಿಗೆ ತುದಿ ನಾಲ್ಕು ಬೆರಳು ಕೆಳಗೆ ಮುಗ್ಗರಿಸಿತ್ತು. ನನ್ನ ಕಣ್ಣು ಮುಚ್ಚಿತ್ತು. ಒದೆ ಬೀಳುವ ಮೊದಲೇ ಮೈ ಕುಗ್ಗಿಸಿಕೊಂಡಿದ್ದೆ.

ಆಮೇಲೆ 350ರಲ್ಲೂ ಅದೇ ಆಟ ಆಡಿಸಿದರು. ಹತ್ತರಲ್ಲಿ ಮೂರು ಡಮ್ಮಿ. ಮೊದಲನೆಯದಕ್ಕೆ ಸ್ವಲ್ಪ ಅಲುಗಿತು. ಉಳಿದ ಎರಡಕ್ಕೆ ನಳಿಗೆ ಬಂಡೆಯ ಹಾಗೆ ನಿಂತಿತ್ತು. ಐದು ಗುಂಡು ಒಂದೂವರೆ ಇಂಚಿನಲ್ಲಿ.

ರಾತ್ರಿ ಕೂತು ಲೆಕ್ಕ ಹಾಕಿದೆ. 7 ಪೌಂಡಿನ ರೈಫಲ್‌ನಲ್ಲಿ 350ರ ಒದೆ ಸುಮಾರು 10 ಅಡಿ-ಪೌಂಡ್, 450ರದ್ದು 24ರ ಆಸುಪಾಸು. ಹತ್ತಿರ ಹತ್ತಿರ ಎರಡೂವರೆ ಪಟ್ಟು. ಗುಂಡಿನ ಶಕ್ತಿಯಲ್ಲಿ ಒಂದೂವರೆ ಪಟ್ಟು ಲಾಭ, ಭುಜಕ್ಕೆ ಎರಡೂವರೆ ಪಟ್ಟು ಸಾಲ. ಯಜಮಾನರಿಗೆ ಇದು ಲೆಕ್ಕಕ್ಕಿಲ್ಲ, ಐವತ್ತು ವರ್ಷ ಸ್ಲಗ್ ಹೊಡೆದ ಭುಜ. ನನ್ನದು ಕೀಬೋರ್ಡ್ ಭುಜ. ಹೋದ ವರ್ಷದ ಜಿಂಕೆ ಯಾಕೆ ತಪ್ಪಿತು ಅನ್ನುವುದೂ ಈಗ ಗೊತ್ತಾಯಿತು. ಇಷ್ಟು ದಿನ ಗಾಳಿಯ ಮೇಲೆ ಹಾಕಿದ್ದೆ.

ಸೆಪ್ಟೆಂಬರ್

ಮನೆಯಲ್ಲೇ ತೋಟೆ ತುಂಬುವ ಹುಚ್ಚು. ಎರಡು ತಪ್ಪು ಮಾಡಿದೆ. ಬೇರೆಯವರು ಮಾಡದಿರಲಿ ಅಂತ ಬರೆಯುತ್ತೇನೆ.

ಒಂದು: ಅಂಗಡಿಯ 35 ಕ್ಯಾಲಿಬರ್ ಕಪಾಟಿನಿಂದ ಗುಂಡಿನ ಡಬ್ಬ ಎತ್ತಿಕೊಂಡು ಬಂದೆ. .358 ಇಂಚಿನದ್ದು, ಬಕ್‌ಹ್ಯಾಮರ್‌ನಂಥವಕ್ಕೆ. 350ಕ್ಕೆ .357 ಬೇಕು. ತುಂಬಿದ ತೋಟೆ ಕೋವಿಯೊಳಗೆ ಹೋಗಲೇ ಇಲ್ಲ. ಇಂಚಿನ ಸಾವಿರದಲ್ಲೊಂದು ಭಾಗ! ಬಲವಂತ ಮಾಡದೆ ಬಿಚ್ಚಿಟ್ಟೆ.

ಎರಡು: ಗುಂಡು ಬಿಗಿಯಾಗಿ ಕೂರಲಿ ಅಂತ ಕೇಸಿನ ಬಾಯಿಯನ್ನು ಒಳಕ್ಕೆ ಮಡಿಸಿಬಿಟ್ಟೆ. ರೇಂಜ್‌ನಲ್ಲಿ ಮೂರು ತೋಟೆ ಸಿಡಿಯಲಿಲ್ಲ. ಪ್ರೈಮರ್ (ಏಟು ಬಿದ್ದಾಗ ಮದ್ದಿಗೆ ಕಿಡಿ ಕೊಡುವ ಸಣ್ಣ ಬಿಲ್ಲೆ) ಮೇಲೆ ಸೂಜಿ ತಾಗಿದ ಗುರುತು ಮಾತ್ರ, ಅದೂ ಮೆಲ್ಲಗೆ. ಕಾರಣ ಹೀಗಿದೆ. ತೋಟೆ ಕೋವಿಯೊಳಗೆ ಎಷ್ಟು ದೂರ ಹೋಗಿ ನಿಲ್ಲಬೇಕು ಅನ್ನುವುದಕ್ಕೆ ಒಂದು ತಡೆ ಬೇಕು. ಹೂಜಿ ತೋಟೆಗೆ ಹೆಗಲೇ ತಡೆ. .45-70ಗೂ ಬಕ್‌ಹ್ಯಾಮರ್‌ಗೂ ಹಿಂಬದಿಯಲ್ಲಿ ಅಗಲವಾದ ಅಂಚು ಇದೆ, ಅದೇ ತಡೆ. 350, 450 ಎರಡಕ್ಕೂ ಹೆಗಲೂ ಇಲ್ಲ, ಅಂಚೂ ಇಲ್ಲ. ಬಾಯಿಯ ತೆಳು ಹಿತ್ತಾಳೆ ಅಂಚೇ ಒಳಗಿನ ಮೆಟ್ಟಿಲಿಗೆ ತಾಗಿ ನಿಲ್ಲಬೇಕು. ನಾನು ಅದನ್ನೇ ಮಡಿಸಿ ಹಾಳು ಮಾಡಿದ್ದೆ. ತೋಟೆ ಬೇಕಾದ್ದಕ್ಕಿಂತ ಮುಂದೆ ಜಾರಿತು, ಸೂಜಿಯ ಏಟು ಮೆತ್ತಗಾಯಿತು.

ಅಂದಹಾಗೆ 'ನೆಟ್ಟಗೆ' ಅನ್ನುವುದೂ ಪೂರ್ತಿ ನಿಜ ಅಲ್ಲ. 350ರ ಕೇಸು ಬುಡದಲ್ಲಿ .390 ಇಂಚು, ಬಾಯಲ್ಲಿ .378. ಸ್ವಲ್ಪ ಸೊಂಟ ಸಣ್ಣ. ಸುಟ್ಟ ಮೇಲೆ ಕೇಸು ಸುಲಭವಾಗಿ ಹೊರಗೆ ಬರುವುದಕ್ಕೆ ಈ ಕೂದಲೆಳೆಯ ಓರೆ ಸಹಾಯ ಮಾಡುತ್ತದೆ.

ಸೀಸನ್‌ಗೆ ಅಂಗಡಿಯ ತೋಟೆಯನ್ನೇ ಬಳಸುವುದು ಅಂತ ತೀರ್ಮಾನ. ಮನೆಯಲ್ಲಿ ತುಂಬಿದ್ದು ಹಲಗೆಗೆ ಹೊಡೆಯಲು ಸಾಕು.

ನವೆಂಬರ್

ಬರೆಯಲು ಜಾಸ್ತಿ ಇಲ್ಲ. ವಾರಕ್ಕೆ ಹತ್ತು ಗುಂಡು, ಬೆಂಚಿನಿಂದ ಅಲ್ಲ, ಮರಕ್ಕೆ ಒರಗಿ. 70 ಗಜದಲ್ಲಿ ಊಟದ ತಟ್ಟೆ ತಪ್ಪುತ್ತಿಲ್ಲ. 450 ವಾಪಸ್ ಕೊಟ್ಟೆ.

ಡಿಸೆಂಬರ್, ಗನ್ ಸೀಸನ್‌ನ ಮೂರನೇ ದಿನ

ಥ್ಯಾಂಕ್ಸ್‌ಗಿವಿಂಗ್ ಮುಗಿದ ಸೋಮವಾರದಿಂದ ಏಳು ದಿನ. ಮೈಮೇಲೆ ಕಿತ್ತಳೆ ಬಣ್ಣದ ಜಾಕೆಟ್, ಕೋವಿಯಲ್ಲಿ ಮೂರಕ್ಕಿಂತ ಜಾಸ್ತಿ ತೋಟೆ ಇರುವ ಹಾಗಿಲ್ಲ. ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲಿಂದ ಹೊಡೆಯಬಹುದು. ಕತ್ತಲಲ್ಲೇ ಹೋಗಿ ಕೂತೆ. ಅಜ್ಜ ಇದನ್ನು ಮರಸು ಕೂರುವುದು ಅನ್ನುತ್ತಿದ್ದರು. ಅವರು ಕೂತಿದ್ದು ಭತ್ತದ ಗದ್ದೆಗೆ ಬರುವ ಹಂದಿ ಕಾಯಲು, ಅದೂ ಇಬ್ಬನಿಯಲ್ಲಿ. ಇಲ್ಲಿ ಮೂಗಿನ ನೀರೂ ಹೆಪ್ಪುಗಟ್ಟುತ್ತಿತ್ತು.

ಎಂಟೂಕಾಲಿಗೆ ಹಳ್ಳದ ದಾರಿಯಲ್ಲಿ ಎರಡು ಹೆಣ್ಣು ಜಿಂಕೆ. ಹಿಂದಿನದು ಅಡ್ಡ ತಿರುಗಿ ನಿಂತಿತು. ಹಿಂದೆ ಹಳ್ಳದ ಏರಿ, ಗುಂಡು ಹೋಗಿ ಮಣ್ಣಿಗೆ ಸೇರುವ ಜಾಗ. ಸದ್ದು ನನಗೆ ಕೇಳಿಸಲೇ ಇಲ್ಲ. ಸ್ಕೋಪಿನಲ್ಲಿ ಜಿಂಕೆ ನೆಗೆದಿದ್ದು ಕಾಣಿಸಿತು. ಅಂದರೆ ಕಣ್ಣು ತೆರೆದೇ ಇತ್ತು.

ಓಡಿತು. ಅರ್ಧ ಗಂಟೆ ಕಾದು ಇಳಿದೆ. ಮೊದಲ ಹದಿನೈದು ಹೆಜ್ಜೆ ರಕ್ತವೇ ಇಲ್ಲ. ಎದೆ ಧಸಕ್ ಅಂದಿತು. ಆಮೇಲೆ ಒಣ ಎಲೆಯ ಮೇಲೆ ಒಂದು ಚುಕ್ಕೆ, ಇನ್ನೊಂದು. ಐವತ್ತೆರಡನೇ ಹೆಜ್ಜೆಗೆ ಬಿದ್ದಿತ್ತು. ಗುಂಡು ಎರಡೂ ಶ್ವಾಸಕೋಶ ದಾಟಿ ಆಚೆ ಬದಿಯ ಚರ್ಮದ ಕೆಳಗೆ ಅಣಬೆಯ ಹಾಗೆ ಅರಳಿ ಕೂತಿತ್ತು. ಆಚೆ ತೂತಿಲ್ಲ, ಅದಕ್ಕೇ ರಕ್ತ ಕಡಿಮೆ.

ಯಜಮಾನರು ಬಂದು ನೋಡಿ, 450 ಆಗಿದ್ದರೆ ಕುರುಡನೂ ಜಾಡು ಹಿಡಿಯಬಹುದಿತ್ತು ಅಂದರು. ಸರಿಯೇ. ನನ್ನ ಕೈಯಲ್ಲಿ ಅದು ಜಿಂಕೆಗೆ ತಾಗುತ್ತಿತ್ತಾ ಅನ್ನುವುದು ಬೇರೆ ಮಾತು. ಅದನ್ನು ಅವರೂ ಒಪ್ಪಿದರು. ಫೋನಿನಲ್ಲಿ ಗೇಮ್ ಚೆಕ್ (ಹೊಡೆದ ಬೇಟೆಯ ವರದಿ) ಮಾಡಿ, ಟ್ಯಾಗ್ ಕಟ್ಟಿ, ಅವರ ಟ್ರಕ್ಕಿಗೆ ಏರಿಸಿದೆವು. ಅರ್ಧ ಮಾಂಸ ಅವರಿಗೆ.

ರಾತ್ರಿ ಅಮ್ಮನಿಗೆ ಹೇಳಿದೆ. "ನಿನ್ನ ಅಜ್ಜನೂ ಹಂದಿ ಕಾಯ್ತೀನಿ ಅಂತಾನೇ ಹೋಗ್ತಿದ್ರು" ಅಂದರು. ಮುಂದೆ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮೆಣಸು ಎಷ್ಟು ಹಾಕಬೇಕು ಅಂತ ಅವರೇ ಹೇಳಿದರು.

ಅರಳಿದ ಗುಂಡನ್ನು ತೂಗಿದೆ: 131 ಗ್ರೇನ್ ಉಳಿದಿದೆ. ಡಿಸೆಂಬರ್‌ನಲ್ಲೇ ಇನ್ನೊಂದು ಶನಿವಾರ-ಭಾನುವಾರದ ಗನ್ ಸೀಸನ್ ಇದೆ. ಅಷ್ಟರೊಳಗೆ 180 ಗ್ರೇನ್‌ನ ಒಂದು ಡಬ್ಬ ತರಬೇಕು. ವೇಗ 2,100ಕ್ಕೆ ಇಳಿಯುತ್ತದೆ, ಆದರೆ ಆಚೆ ಬದಿ ದಾಟೀತು ಅನ್ನುವ ಆಸೆ. ಮೊದಲು ಹಲಗೆಗೆ ಹೊಡೆದು ನೋಡಬೇಕು. ಡಮ್ಮಿ ತೋಟೆಗಳನ್ನು ಯಜಮಾನರು ನನಗೇ ಕೊಟ್ಟುಬಿಟ್ಟಿದ್ದಾರೆ.