ಎಕ್ಸ್‌ನಲ್ಲಿ ನಿಲ್ಲಬೇಕು

9 ಫೆಬ್ರುವರಿ 2025, ಭಾನುವಾರ ರಾತ್ರಿ
ಆಲ್ದೂರು ರಸ್ತೆ, ಚಿಕ್ಕಮಗಳೂರು

ನಿನ್ನೆಯ ಕುದುರೆ ಸವಾರಿ ಸ್ಪರ್ಧೆಯ (ಡ್ರೆಸಾಜ್) ಅಂಕಪಟ್ಟಿ ಊಟದ ಮೇಜಿನ ಮೇಲೆಯೇ ಇತ್ತು. ಬೆಳಿಗ್ಗೆ ಅತ್ತೆ ಅದರ ಮೇಲೆ ಸಾರಿನ ಪಾತ್ರೆ ಇಟ್ಟುಬಿಟ್ಟಿದ್ದಾರೆ. ಈಗ ಮೂರು ಎಂಬ ಅಂಕಿಯ ಸುತ್ತ ಅರಿಸಿನದ ಬಣ್ಣದ ದುಂಡು ಗುರುತು ಬಿದ್ದಿದೆ, ಬೇಕೆಂದೇ ಸುತ್ತು ಹಾಕಿದ ಹಾಗೆ. ಮೊದಲ ಸಾಲು ಅದು: ಟ್ರಾಟ್‌ನಲ್ಲಿ (ಕುಕ್ಕುಲೋಟದಲ್ಲಿ) ಒಳಗೆ ಬರುವುದು, ಎಕ್ಸ್‌ನಲ್ಲಿ ನಿಲ್ಲುವುದು, ವಂದನೆ. ಹತ್ತಕ್ಕೆ ಮೂರು. ಪಕ್ಕದಲ್ಲಿ ತೀರ್ಪುಗಾರರ ಷರಾ ಇಂಗ್ಲಿಷಿನಲ್ಲಿದ್ದರೂ ನನಗೆ ಕನ್ನಡದಲ್ಲೇ ಕೇಳಿಸಿತು: ನಿಲ್ಲಲೇ ಇಲ್ಲ.

ಒಟ್ಟು 220ಕ್ಕೆ 118. ಶೇಕಡಾ 53.64. ಹನ್ನೊಂದು ಮಂದಿಯಲ್ಲಿ ಒಂಬತ್ತನೆಯವಳು. ನನ್ನ ಕೆಳಗಿದ್ದ ಇಬ್ಬರಲ್ಲಿ ಒಬ್ಬ, ಮಧ್ಯದಲ್ಲಿ ದಾರಿ ಮರೆತು ಅಳುಮುಖ ಮಾಡಿಕೊಂಡ ಹದಿಮೂರು ವರ್ಷದ ಹುಡುಗ. ಅವನನ್ನು ಹಿಂದೆ ಹಾಕಿದ್ದಕ್ಕೆ ಒಳಗೊಳಗೇ ಖುಷಿಪಟ್ಟೆ ಎಂದು ಇಲ್ಲಿ ಬರೆದುಕೊಳ್ಳುತ್ತಿದ್ದೇನೆ. ಬೇರೆಲ್ಲೂ ಹೇಳುವಂತಿಲ್ಲ.

ಡ್ರೆಸಾಜ್ ಎಂದರೆ ಏನೆಂದು ನೆಂಟರಿಗೆ ಹೇಳಿ ಹೇಳಿ ಸಾಕಾಗಿದೆ. ಬಾಜಿ ಕಟ್ಟುವುದೇ ಎಂದು ಒಬ್ಬರು, ಕುದುರೆ ಕುಣಿಸುವುದೇ ಎಂದು ಇನ್ನೊಬ್ಬರು. ಈಗ ಗದ್ದೆಯ ಲೆಕ್ಕದಲ್ಲಿ ಹೇಳುತ್ತೇನೆ. ಇಪ್ಪತ್ತು ಮೀಟರ್ ಅಗಲ, ನಲವತ್ತು ಮೀಟರ್ ಉದ್ದ, ಹತ್ತಿರ ಹತ್ತಿರ ಎಂಟು ಗುಂಟೆ. ಅದರ ಅಂಚಿನಲ್ಲಿ ಎಂಟು ಅಕ್ಷರಗಳು. ಈ ಅಕ್ಷರದಿಂದ ಆ ಅಕ್ಷರಕ್ಕೆ ಹೇಳಿದ ನಡಿಗೆಯಲ್ಲಿ ಹೋಗಬೇಕು, ಹೇಳಿದಲ್ಲಿ ತಿರುಗಬೇಕು, ಹೇಳಿದಲ್ಲಿ ನಿಲ್ಲಬೇಕು. ಸಿ ಎಂಬ ಅಕ್ಷರದ ಹಿಂದೆ ಕುಳಿತವರು ಪ್ರತಿ ಭಾಗಕ್ಕೂ ಸೊನ್ನೆಯಿಂದ ಹತ್ತರವರೆಗೆ ಅಂಕ ಹಾಕುತ್ತಾರೆ. ಅಷ್ಟೇ. "ಇದಕ್ಕೆ ಕುದುರೆ ಯಾಕೆ, ನೀನೇ ನಡೆದರೆ ಆಗುವುದಿಲ್ಲವೇ?" ಎಂದು ಕಡೂರಿನ ದೊಡ್ಡಮ್ಮ ಕೇಳಿದ್ದರು. ಉತ್ತರ ಇನ್ನೂ ಹೊಳೆದಿಲ್ಲ.

ಅಕ್ಷರಗಳೂ ನೆಟ್ಟಗೆ ಎ, ಬಿ, ಸಿ ಎಂದು ಬರುವುದಿಲ್ಲ. ಎ, ಕೆ, ಇ, ಎಚ್, ಸಿ, ಎಂ, ಬಿ, ಎಫ್. ನೆನಪಿಗೆಂದು ಮಗಳು ಕಟ್ಟಿಕೊಟ್ಟ ಸಾಲು: ಅಜ್ಜಿ ಕೊಟ್ಟ ಇಡ್ಲಿ ಹಸಿ, ಚಟ್ನಿ ಮಾತ್ರ ಬಿಸಿ ಫಳಫಳ. ಕೊನೆಯ ಅಕ್ಷರಕ್ಕೆ ಪದ ಸಿಗದೆ ಫಳಫಳ ಎಂದು ಸೇರಿಸಿದಳು. ನಿನ್ನೆ ಬೆಂಗಳೂರಿನ ಆ ಮರಳಿನ ಅಂಗಳದಲ್ಲಿ, ಟೋಪಿಯೊಳಗೆ ಬೆವರು ಇಳಿಯುತ್ತಿರುವಾಗ, ನಾನು ತುಟಿ ಅಲ್ಲಾಡಿಸದೆ ಹೇಳಿಕೊಳ್ಳುತ್ತಿದ್ದುದು ಇದನ್ನೇ. ಅತ್ತೆಗೆ ಈ ಸಾಲು ಇನ್ನೂ ಗೊತ್ತಿಲ್ಲ. ಅವರ ಇಡ್ಲಿ ಎಂದೂ ಹಸಿ ಇರುವುದಿಲ್ಲ.

ಎಕ್ಸ್ ಮಾತ್ರ ಅಂಚಿನಲ್ಲಿಲ್ಲ. ನಟ್ಟನಡುವೆ ಇದೆ, ಗುರುತೂ ಇರುವುದಿಲ್ಲ. ಅಂದಾಜಿನ ಮೇಲೆ ಅಲ್ಲಿ ನಿಲ್ಲಬೇಕು. ನಾಲ್ಕೂ ಕಾಲು ಚೌಕವಾಗಿ ಊರಿ, ಅಲ್ಲಾಡದೆ. ಲಗಾಮನ್ನು ಒಂದೇ ಕೈಗೆ ತಂದು, ಇನ್ನೊಂದು ಕೈ ಇಳಿಬಿಟ್ಟು, ತಲೆ ಬಾಗಿಸಬೇಕು.

ಗಂಟೆ ಬಾರಿಸಿದ ಮೇಲೆ ಒಳಗೆ ಬರಲು 45 ಸೆಕೆಂಡು. ಗಂಟೆಗೆ ನನ್ನ ಕುದುರೆ ಅಂಜಲಿಲ್ಲ. ಅಂಜಿಕೆ ಆಗಿದ್ದರೆ ಸಮಾಧಾನ ಮಾಡಬಹುದಿತ್ತು. ಆದರೆ ಅದಕ್ಕೂ ಮೊದಲೇ ಯಾರೋ ಧ್ವನಿವರ್ಧಕದಲ್ಲಿ ಹೆಸರು ಕೂಗಿದ್ದರು. ಆ ಕರಕರ ಸದ್ದು ಕೇಳಿದ್ದೇ ತಡ, ಅವನ ಎರಡೂ ಕಿವಿಗಳು ಮುಂದಕ್ಕೆ ನಿಂತವು, ನನ್ನ ಕೆಳಗಿದ್ದ ಬೆನ್ನು ಹಲಗೆಯಾಯಿತು. ಅವನ ಪಾಲಿಗೆ ಅದು ರೇಸಿನ ದಿನ. ಗೇಟು ಎಲ್ಲಿ, ಉಳಿದವರೆಲ್ಲ ಎಲ್ಲಿ, ಈಕೆ ಯಾಕೆ ಇನ್ನೂ ನೆಟ್ಟಗೆ ಕೂತಿದ್ದಾಳೆ ಎಂದು ಅವನಿಗೆ ಆಶ್ಚರ್ಯವಾಗಿರಬೇಕು. ಎಕ್ಸ್ ಹತ್ತಿರ ಬಂದಾಗ ನಾನು ಲಗಾಮು ಬಿಗಿದೆ. ಇನ್ನೂ ಬಿಗಿದೆ. ಅವನು ಹಿಂಭಾಗವನ್ನು ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ, ಮುಂಗಾಲಿನಿಂದ ಮರಳು ಕೆರೆದ, ನಾಲ್ಕು ಹೆಜ್ಜೆ ಅಡ್ಡಡ್ಡ ನಡೆದ. ನಾನು ತೀರ್ಪುಗಾರರಿಗೆ ತಲೆ ಬಾಗಿಸುವ ಹೊತ್ತಿಗೆ ಎದುರಿಗೆ ಅವರೇ ಇರಲಿಲ್ಲ. ನೀರಿನ ಟ್ಯಾಂಕರಿಗೆ ನಮಸ್ಕಾರ ಮಾಡಿ ಮುಂದೆ ಹೋದೆ.

ಇವನು ರೇಸು ಮುಗಿಸಿ ನಮ್ಮಲ್ಲಿಗೆ ಬಂದವನು. ರೇಸ್ ಪುಸ್ತಕದಲ್ಲಿ ಮೂರು ಪದಗಳ ಇಂಗ್ಲಿಷ್ ಹೆಸರಿದೆ. ವಯಸ್ಸು ಎಂಟು. ಅದೂ ಪುಸ್ತಕದ ಲೆಕ್ಕ, ರೇಸಿನ ಕುದುರೆಗಳೆಲ್ಲ ಜನವರಿ 1ಕ್ಕೇ ಒಂದು ವರ್ಷ ದೊಡ್ಡವಾಗುತ್ತವೆ. ಹಳೆಯ ಮೇಷ್ಟ್ರುಗಳು ಶಾಲೆಗೆ ಸೇರಿಸಿಕೊಳ್ಳುವಾಗ ಎಲ್ಲ ಮಕ್ಕಳಿಗೂ ಜೂನ್ 1 ಬರೆದ ಹಾಗೆ. ನಮ್ಮವರದೂ ಜೂನ್ 1. ಮನೆಯಲ್ಲಿ ಇಬ್ಬರಿಗೂ ನಿಜವಾದ ಹುಟ್ಟುಹಬ್ಬ ಇಲ್ಲ ಎಂದು ಮಗಳು ಅಣಕಿಸುತ್ತಾಳೆ.

ನನಗೆ ಈ ಹುಚ್ಚು ಹತ್ತಿದ್ದು 2023ರ ಸೆಪ್ಟೆಂಬರ್ 26ರಂದು. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಸುದೀಪ್ತಿ ಹಜೇಲಾ, ದಿವ್ಯಕೃತಿ ಸಿಂಗ್, ಹೃದಯ್ ಛೇಡಾ, ಅನುಷ್ ಅಗರ್‌ವಾಲಾ ಡ್ರೆಸಾಜ್ ತಂಡದ ಚಿನ್ನ ಗೆದ್ದ ದಿನ. ಕುದುರೆ ಸವಾರಿಯಲ್ಲಿ ನಮಗೆ 41 ವರ್ಷಗಳ ನಂತರ ಬಂದ ಚಿನ್ನ. ಹೆಬ್ಬಾಳದಲ್ಲಿ ಓದುವಾಗ ಎನ್‌ಸಿಸಿಯಲ್ಲಿ ಎರಡು ವರ್ಷ ಕುದುರೆ ಹತ್ತಿದವಳು ನಾನು, ಆಮೇಲೆ ಮದುವೆ, ತೋಟ, ಮಗಳು. ಅಂದು ರಾತ್ರಿ ಮೊಬೈಲಿನಲ್ಲಿ ಅದೇ ತುಣುಕನ್ನು ಆರು ಸಲ ನೋಡಿದೆ. ನೋಡಿದ್ದು ಅವರ ಓಟವನ್ನಲ್ಲ. ಆ ಕುದುರೆಗಳು ನಿಂತ ರೀತಿಯನ್ನು. ದೇವಸ್ಥಾನದ ಮುಂದೆ ಕಲ್ಲಿನಲ್ಲಿ ಕಡೆದು ನಿಲ್ಲಿಸಿದ ಹಾಗೆ. ಅವು ಯುರೋಪಿನಲ್ಲಿ ಪಳಗಿದವು, ಅವುಗಳ ಬೆಲೆಗೆ ನಮ್ಮ ತೋಟ ಮಾರಬೇಕಾದೀತು ಎಂದು ನಮ್ಮವರು ಆಗಲೇ ಹೇಳಿದ್ದರು. ಅದಕ್ಕೇ ರೇಸು ಮುಗಿಸಿದವನನ್ನು ತಂದದ್ದು.

ಮಾತು ಎಲ್ಲಿಗೋ ಹೋಯಿತು. ಬರೆಯಬೇಕೆಂದಿದ್ದುದು ಯಡಿಯೂರಿನ ಚಹಾದ ವಿಚಾರ.

ನಿನ್ನೆ ವಾಪಸು ಬರುವ ದಾರಿಯಲ್ಲಿ ಲಾರಿ ಕುಣಿಗಲ್ ದಾಟುವಾಗ, ಕುದುರೆ ನೋಡಿಕೊಳ್ಳುವ ಸೈಸ್ ತಾತ ಕಿಟಕಿಯಿಂದಾಚೆ ಕೈ ತೋರಿಸಿ "ಟಿಪ್ಪುವಿನ ಕಾಲದಿಂದ ಕುದುರೆ ಕಂಡ ಊರು ಅಮ್ಮಾವರೇ" ಎಂದರು. ಪ್ರತಿ ಸಲವೂ ಹೇಳುತ್ತಾರೆ. ನಾನು ಪ್ರತಿ ಸಲದಂತೆ ಹೂಂಗುಟ್ಟಲಿಲ್ಲ. ಅವರು ಸುಮ್ಮನಾದರು. ಯಡಿಯೂರಿನಲ್ಲಿ ಲಾರಿ ನಿಲ್ಲಿಸಿ ಇವನಿಗೆ ನೀರು ತೋರಿಸಿದರು. ಎರಡು ಗುಟುಕು ಕುಡಿದು ಮುಖ ತಿರುಗಿಸಿದ. ನಾವು ಚಹಾ ತೆಗೆದುಕೊಂಡೆವು.

"ಅವನು ತಪ್ಪು ಮಾಡಲಿಲ್ಲ" ಎಂದರು ತಾತ.

"ಹಾಗಾದರೆ ನಾನು ಮಾಡಿದೆನೇ?"

ಲೋಟದ ಚಹಾ ಊದಿ ಊದಿ ಕುಡಿದರು. ಮೂವತ್ತು ವರ್ಷ ರೇಸಿನ ಲಾಯಗಳಲ್ಲಿ ಇದ್ದವರು, ವಯಸ್ಸಿನಲ್ಲಿ ಬೆಳಗಿನ ಸವಾರಿಯನ್ನೂ ಮಾಡಿದವರು. ಒಂದು ಪ್ರಶ್ನೆಗೆ ಉತ್ತರ ಬರಬೇಕಾದರೆ ಒಂದು ಲೋಟ ಮುಗಿಯಬೇಕು.

"ನೀವು ಲಗಾಮು ಬಿಗಿದಿರಿ. ಅವನಿಗೆ ಬಿಗಿ ಎಂದರೆ ಓಡು. ಜಾಕಿ ಲಗಾಮನ್ನು ಗಿಡ್ಡ ಮಾಡಿ, ಒಂದರ ಮೇಲೊಂದು ಅಡ್ಡ ಹಿಡಿದು ಕುತ್ತಿಗೆಗೆ ಒತ್ತುತ್ತಾನೆ. ಕುದುರೆ ಕಡಿವಾಣಕ್ಕೆ ಭಾರ ಹಾಕಿ ಓಡುತ್ತದೆ. ಎಷ್ಟು ಜಗ್ಗಿದರೆ ಅಷ್ಟು ಓಟ. ಓಟ ಮುಗಿದ ಮೇಲೆ ಜಾಕಿ ರಿಕಾಪಿನಲ್ಲಿ ಕಾಲೂರಿ ಎದ್ದು ನಿಂತು ಕೈ ಸಡಿಲ ಬಿಡುತ್ತಾನೆ. ಆಗ ಕುದುರೆಗೆ ಗೊತ್ತಾಗುತ್ತದೆ, ಇನ್ನು ಸಾಕು ಎಂದು. ಇವನು ಎರಡು ವರ್ಷದ ಮರಿಯಾಗಿದ್ದಾಗಿನಿಂದ ಕಲಿತದ್ದು ಇದೊಂದೇ ಪಾಠ."

"ಇದನ್ನು ಒಂದು ವರ್ಷದ ಹಿಂದೆ ಹೇಳಬಾರದಿತ್ತೇ ತಾತ?"

"ಹೇಳಿದ್ದೆ. ನೀವು ಪುಸ್ತಕ ಓದುತ್ತಿದ್ದಿರಿ."

ಇದಕ್ಕೆ ಏನು ಹೇಳಲಿ? ಹಾಸನ ಬರುವವರೆಗೆ ನಾನು ಮಾತಾಡಲಿಲ್ಲ. ಬೇಲೂರು ದಾಟಿದ ಮೇಲೆ ಮೊಬೈಲಿನ ಬೆಳಕಿನಲ್ಲಿ ಅಂಕಪಟ್ಟಿ ತೆಗೆದು ಮತ್ತೆ ಓದಿದೆ. ಲಗಾಮು ಉದ್ದ ಬಿಟ್ಟು ಕರ್ಣರೇಖೆಯಲ್ಲಿ ನಡೆಸುವ ಒಂದು ಭಾಗವಿದೆ, ಅದಕ್ಕೆ 6.5 ಬಂದಿತ್ತು. ಇಡೀ ಪಟ್ಟಿಯಲ್ಲಿ ಅದೇ ಹೆಚ್ಚು. ಕೊನೆಯ ನಿಲುಗಡೆಗೆ 5, ಅಷ್ಟು ಹೊತ್ತಿಗೆ ನಾನು ಸೋತು ಕೈಚೆಲ್ಲಿದ್ದೆ. ಕಾಗದದಲ್ಲೇ ಬರೆದಿತ್ತು, ತಾತ ಹೇಳಿದ್ದು. ನಾನು ಮಾತ್ರ ಆ ಮೂರನ್ನೇ ನೋಡುತ್ತಾ ಕೂತಿದ್ದೆ.

ಬೆಳಿಗ್ಗೆ ಅತ್ತೆಗೆ ಇದನ್ನು ಹೇಳಿದರೆ ಬಿದ್ದು ಬಿದ್ದು ನಕ್ಕರು. ಅವರ ತವರು ದೇವನೂರಿನ ಪಕ್ಕ. ಆ ಊರಿನ ಕವಿ ಬರೆದ ಯಜ್ಞದ ಕುದುರೆಯ ಕತೆ ಅವರಿಗೆ ಬಾಯಿಪಾಠ, ಷಟ್ಪದಿಯ ರಾಗದ ಸಮೇತ. "ಇದು ಉದ್ದಾಲಕನ ಹೆಂಡತಿ ಚಂಡಿಯ ಕತೆಯಲ್ಲವೇನೇ! ಹೇಳಿದ್ದಕ್ಕೆಲ್ಲ ತಿರುಗಾಮುರುಗಾ ಮಾಡುವವಳು. ಉಣ್ಣು ಎಂದರೆ ಉಪವಾಸ. ಕೊನೆಗೆ ಅವನು ಎಲ್ಲವನ್ನೂ ಉಲ್ಟಾ ಹೇಳಲು ಕಲಿತ. ನಾಳೆ ಶ್ರಾದ್ಧ ಬೇಡ ಎಂದ, ಅವಳು ಸಾಂಗವಾಗಿ ಮಾಡಿಸಿದಳು. ಎಲ್ಲ ಮುಗಿಯಿತಲ್ಲ ಎಂಬ ಹಿಗ್ಗಿನಲ್ಲಿ ಮರೆತು ಪಿಂಡವನ್ನು ನದಿಗೆ ಹಾಕು ಎಂದುಬಿಟ್ಟ. ತಿಪ್ಪೆಗೆ ಹಾಕಿ ಬಂದಳು." ಶಾಪದಿಂದ ಅವಳು ಕಲ್ಲಾದದ್ದು, ಯಜ್ಞದ ಕುದುರೆ ಆ ಕಲ್ಲಿಗೇ ಅಂಟಿಕೊಂಡು ನಿಂತದ್ದು, ಅರ್ಜುನ ಮುಟ್ಟಿ ಬಿಡಿಸಿದ್ದು, ಎಲ್ಲ ಹಾಡಿ ತೋರಿಸಿದರು. ಆಮೇಲೆ: "ನಿನ್ನ ಎಕ್ಸಿನಲ್ಲಿ ಅಂಥದೊಂದು ಕಲ್ಲು ಹೂಳಿಸು. ಅಂಟಿಕೊಂಡು ನಿಲ್ಲುತ್ತಾನೆ." ಈಗ ಅವನ ಹೆಸರು ಚಂಡಿ. ಗಂಡು ಕುದುರೆ ಎಂದರೆ ಅತ್ತೆ ಕೇಳುವುದಿಲ್ಲ.

ಮಗಳು ಇದನ್ನೆಲ್ಲ ಕೇಳಿಸಿಕೊಂಡು, ಪರೀಕ್ಷೆ ಮುಗಿಯುವವರೆಗೆ ಎತ್ತಿಟ್ಟಿರುವ ತನ್ನ ಮೊಬೈಲ್ ವಾಪಸು ಕೇಳಿದಳು. ಬಿಗಿ ಹಿಡಿದರೆ ಓಟ ಜಾಸ್ತಿಯಂತೆ. ಕೊಡಲಿಲ್ಲ.

ಹಗಲೆಲ್ಲ ಕಣದಲ್ಲೇ ಕಳೆಯಿತು. ರೋಬಸ್ಟಾ ಕೊಯ್ಲು ಅರ್ಧಕ್ಕೆ ನಿಂತಿದೆ, ಆಳುಗಳಲ್ಲಿ ನಾಲ್ವರು ಬರಲಿಲ್ಲ, ನಮ್ಮವರು ನನ್ನೊಡನೆ ಲೆಕ್ಕದಷ್ಟೇ ಮಾತಾಡಿದರು. ಹಣ್ಣು ಹರಡಿರುವ ಹೊತ್ತಿನಲ್ಲಿ ಕುದುರೆ ಕಟ್ಟಿಕೊಂಡು ಎರಡು ದಿನ ಹೋದವಳು ನಾನು. ನ್ಯಾಯ ಅವರ ಕಡೆಯೇ ಇದೆ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಸಂಜೆ ಐದೂವರೆಗೆ ಕೆಳಗಿನ ಗದ್ದೆಗೆ ಹೋದೆವು. ಅಂಚಿನಲ್ಲಿ ಪೇಂಟಿನ ಡಬ್ಬಗಳು, ನಡುವೆ ಸುಣ್ಣದ ಚುಕ್ಕೆ. ದೊಡ್ಡ ಸವಾರಿಯ ಉದ್ದೇಶವೇ ಇರಲಿಲ್ಲ, ದಾರಿಯ ದಣಿವಿದೆ. ಮೇಲೆ ಕೂತು ಹತ್ತು ನಿಮಿಷ ನಡೆಸುವುದಷ್ಟೇ. ಚುಕ್ಕೆಯ ಹತ್ತಿರ ಬಂದಾಗ ಉಸಿರು ಬಿಟ್ಟೆ, ಬೆನ್ನು ಭಾರ ಮಾಡಿದೆ, ಬೆರಳು ತೆರೆದೆ. ಲಗಾಮು ಅವನ ಕುತ್ತಿಗೆಯ ಮೇಲೆ ಹಗ್ಗದಂತೆ ಬಿತ್ತು.

ನಿಂತ.

ಒಂದರಿಂದ ಏಳರವರೆಗೆ ಎಣಿಸಿದೆ. ಮೇಲಿನ ರಸ್ತೆಯಲ್ಲಿ ಜೀಪು ಹೋಯಿತು, ಒಂದು ಕಿವಿ ಅತ್ತ ತಿರುಗಿತು, ಕಾಲು ಕದಲಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಧೂಳಿನದು ಎಂದು ತಾತನಿಗೆ ಹೇಳಿದೆ.

ಆಮೇಲೆ ತಿಳಿದದ್ದು, ಹೀಗೆ ನಿಂತರೆ ಪ್ರಯೋಜನವಿಲ್ಲ. ತೀರ್ಪುಗಾರರ ಮುಂದೆ ನಿಲ್ಲುವ ಕುದುರೆಯ ಬಾಯಿಗೂ ಸವಾರನ ಕೈಗೂ ಸಂಪರ್ಕ ಇರಲೇಬೇಕು. ಲಗಾಮು ಜೋತುಬಿದ್ದರೆ ಅದಕ್ಕೂ ಅಂಕ ಹೋಗುತ್ತದೆ. ಕೂದಲೆಳೆಯಷ್ಟು ಮೇಲೆತ್ತಿ ನೋಡಿದೆ. ತಕ್ಷಣ ಕತ್ತು ಮುಂದೆ ಹೋಯಿತು, ಗೊರಸು ಕೆರೆಯಿತು, ಹೊರಟ. ಮತ್ತೆ ಬಿಟ್ಟೆ, ನಿಂತ. ಎತ್ತಿದೆ, ಹೊರಟ. ಹನ್ನೊಂದು ಸಲ. ಕತ್ತಲಾಯಿತು.

"ಈ ಕೂದಲೆಳೆ ಇದೆಯಲ್ಲ ತಾತ, ಇದಕ್ಕೆ ಎಷ್ಟು ದಿನ ಬೇಕು?"

"ದಿನ ಯಾಕೆ ಎಣಿಸುತ್ತೀರಿ" ಎಂದು ಜೀನು ಬಿಚ್ಚಿ ಹೆಗಲಿಗೆ ಹಾಕಿಕೊಂಡರು. "ಇವತ್ತು ಒಂದೇ ಬಕೆಟ್ ನೀರು ಕುಡಿದಿದ್ದಾನೆ. ರಾತ್ರಿ ಒಂದು ಕಿವಿ ಲಾಯದ ಕಡೆ ಇಟ್ಟಿರಿ."

ನೀರು ಕುಡಿಯದ ಪ್ರಯಾಣದ ಮೇಲೆ ಹೊಟ್ಟೆನೋವು ಬರುವುದು ಇವುಗಳಿಗೆ ಮಾಮೂಲು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಒಳಗೆ ಕಟ್ಟಿಕೊಂಡರೆ ಕಟ್ಟಿಕೊಂಡದ್ದೇ. ತಾತ ಹುರುಳಿ ಬೇಡವೆಂದು ಹುಲ್ಲನ್ನು ನೆನೆಸಿ ಹಾಕಿದ್ದಾರೆ. ಒಂಬತ್ತು ಗಂಟೆಗೆ ನೋಡಿ ಬಂದೆ, ಲದ್ದಿ ಹಾಕಿದ್ದ, ಸಮಾಧಾನವಾಯಿತು. ಎಂದಿನಂತೆ ಬಾಗಿಲ ಬಳಿ ನಿಂತು ತೊಟ್ಟಿಲಿನಂತೆ ತೂಗುತ್ತಿದ್ದ, ಎಡಗಾಲಿಗೆ ಒಮ್ಮೆ, ಬಲಗಾಲಿಗೆ ಒಮ್ಮೆ. ಲಾಯದಲ್ಲಿ ಕಟ್ಟಿಹಾಕಿದ ವರ್ಷಗಳಲ್ಲಿ ಅಂಟಿಕೊಂಡ ಚಾಳಿ, ಬಿಟ್ಟಿಲ್ಲ. ಲಾಳ ಕಲ್ಲಿಗೆ ತಾಗುವ ಆ ಟಕ್, ಟಕ್ ನನ್ನ ಕೋಣೆಯವರೆಗೂ ಕೇಳುತ್ತದೆ. ಬಂದ ಹೊಸದರಲ್ಲಿ ಇದರಿಂದ ನಿದ್ದೆ ಬರುತ್ತಿರಲಿಲ್ಲ.

ಇದನ್ನು ಬರೆಯಲು ಕೂತಾಗಲೂ ಕೇಳುತ್ತಿತ್ತು. ನಾಳೆ ಆಳುಗಳ ಬಟವಾಡೆ ಇದೆ, ಲಾಳ ಹೊಡೆಯುವವರಿಗೆ ಫೋನ್ ಮಾಡಬೇಕು, ನಮ್ಮವರೊಡನೆ

ಸದ್ದು ನಿಂತಿದೆ. ಈಗ ಐದು ನಿಮಿಷವಾಯಿತು. ಅವನು ಇಷ್ಟು ಹೊತ್ತು ಸುಮ್ಮನೆ ನಿಲ್ಲುವವನಲ್ಲ. ಟಾರ್ಚ್ ಎಲ್ಲಿಟ್ಟೆನೋ